ಬ್ರಿಟನ್ನಿನ ಮಂಜಿನಲ್ಲಿ ಮೋಟಾರ್‌ಹೋಮ್: ಫಾಗ್ ಲೈಟ್ ಕೂರಿಸುವುದು, ಹಾಕುವುದು, ಮರೆಯದೆ ಆರಿಸುವುದು

ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಮಂಜು ಕವಿದರೆ ನಮ್ಮ ಕೈ ತಾನಾಗಿ ನಾಲ್ಕೂ ಇಂಡಿಕೇಟರ್ ಮಿಟುಕಿಸುವ ಸ್ವಿಚ್ಚಿಗೆ ಹೋಗುತ್ತದೆ. ಬ್ರಿಟನ್ನಿನಲ್ಲಿ ಆ ಅಭ್ಯಾಸ ಬಿಡಬೇಕು. ಓಡುತ್ತಿರುವ ಗಾಡಿಯಲ್ಲಿ ಹಜಾರ್ಡ್ ಹಾಕಲು ಇಲ್ಲಿ ಅವಕಾಶವಿರುವುದು ಮೋಟಾರ್‌ವೇಯಲ್ಲಿ ಅಥವಾ ರಾಷ್ಟ್ರೀಯ ವೇಗಮಿತಿಯ ಡ್ಯುಯಲ್ ಕ್ಯಾರೇಜ್‌ವೇಯಲ್ಲಿ (ನಡುವೆ ವಿಭಜಕವಿರುವ ರಸ್ತೆಯಲ್ಲಿ). ಅದೂ ಮುಂದೇನೋ ಅಡಚಣೆ ಇದೆಯೆಂದು ಹಿಂದಿನವರಿಗೆ ತಿಳಿಸುವಷ್ಟು ಹೊತ್ತು ಮಾತ್ರ. ಮಂಜಿಗೆಂದು ಇರುವುದು ಫಾಗ್ ಲೈಟ್. ಅದರಲ್ಲೂ ಕಾನೂನು ಕೇಳುವುದು ಹಿಂದಿನದನ್ನು. ಹೊಸದಾಗಿ ಮೋಟಾರ್‌ಹೋಮ್, ಅಂದರೆ ಒಳಗೇ ವಾಸಿಸಲು ಅನುಕೂಲವಿರುವ ಗಾಡಿ, ಕೊಂಡವರು ಮುಂದಿನ ಹಳದಿ ದೀಪಕ್ಕೆ ದುಡ್ಡು ಸುರಿದು, ಹಿಂದಿನದು ಹತ್ತುತ್ತದೆಯೋ ಇಲ್ಲವೋ ನೋಡುವುದೇ ಇಲ್ಲ.

1980ರ ಏಪ್ರಿಲ್ 1ರಿಂದೀಚೆಗೆ ಮೊದಲ ಬಾರಿ ರಸ್ತೆಗಿಳಿದ ಗಾಡಿಗೆ ಹಿಂದೆ ಕನಿಷ್ಠ ಒಂದು ಕೆಂಪು ಫಾಗ್ ಲೈಟ್ ಇರಲೇಬೇಕು, ಎರಡಕ್ಕಿಂತ ಹೆಚ್ಚು ಇರಕೂಡದು. ಒಂದೇ ಇದ್ದರೆ ಅದು ನಟ್ಟನಡುವೆ ಅಥವಾ ಬಲಕ್ಕೆ, ಅಂದರೆ ರಸ್ತೆಯ ನಡುವಿನ ಬದಿಗೆ ಇರಬೇಕು. ನೆಲದಿಂದ 250 ಮಿ.ಮೀ.ಗಿಂತ ಕೆಳಗಾಗಬಾರದು, 1000 ಮಿ.ಮೀ.ಗಿಂತ ಮೇಲಾಗಬಾರದು. ಬ್ರೇಕ್ ಲೈಟಿನ ಬೆಳಗುವ ಭಾಗಕ್ಕೂ ಇದರದಕ್ಕೂ ನಡುವೆ 100 ಮಿ.ಮೀ.ಗಿಂತ ಹೆಚ್ಚು ಅಂತರ ಬೇಕು. ಈ ಅಂತರಕ್ಕೆ ಕಾರಣವಿದೆ. ಸಾಮಾನ್ಯ ಟೇಲ್ ಬಲ್ಬು 5 ವಾಟ್, ಫಾಗ್ ಬಲ್ಬು 21 ವಾಟ್, ಬ್ರೇಕ್ ಬಲ್ಬೂ 21 ವಾಟ್. ಎರಡೂ ಅಂಟಿಕೊಂಡಿದ್ದರೆ ನೀವು ಬ್ರೇಕ್ ಒತ್ತಿದ್ದು ಹಿಂದಿನವನಿಗೆ ತಿಳಿಯುವುದೇ ಇಲ್ಲ. ಡ್ಯಾಶ್‌ಬೋರ್ಡಿನಲ್ಲಿ ದೀಪ ಉರಿಯುತ್ತಿದೆಯೆಂದು ತೋರಿಸುವ ಸೂಚಕವೂ ಕಡ್ಡಾಯ. ದೀಪ ಹತ್ತದಿದ್ದರೆ, ತಪ್ಪು ಬದಿಗಿದ್ದರೆ ಅಥವಾ ಈ ಸೂಚಕ ಕೆಲಸ ಮಾಡದಿದ್ದರೆ ಎಂಒಟಿಯಲ್ಲಿ (ಗಾಡಿಯ ವಾರ್ಷಿಕ ತಪಾಸಣೆಯಲ್ಲಿ) ಫೇಲ್.

ಜರ್ಮನಿಯಿಂದಲೋ ಹಾಲೆಂಡಿನಿಂದಲೋ ಅಗ್ಗಕ್ಕೆ ತರಿಸಿದ ಎಡಗೈ ಸ್ಟೀರಿಂಗ್ ಮೋಟಾರ್‌ಹೋಮ್ ಸಿಕ್ಕಿಬೀಳುವುದು ಇಲ್ಲೇ. ಅಲ್ಲಿ ಒಂಟಿ ಫಾಗ್ ಲೈಟ್ ಎಡಕ್ಕಿರುತ್ತದೆ, ಬಲಗಡೆ ಅದೇ ಜಾಗದಲ್ಲಿ ರಿವರ್ಸ್ ಲೈಟ್. ಬಲಗಡೆಯ ಗಾಜು ಕೆಂಪಗಿದ್ದು ಒಳಗೆ ಹೋಲ್ಡರಿನ ಖಾಲಿ ಜಾಗ ಇದ್ದರೆ ಬಲ್ಬು ಮತ್ತು ವೈರು ಹಾಕಿದರಾಯಿತು. ಬಿಳಿ ಗಾಜಿದ್ದರೆ ಒಳಗೊಂದು ಕೆಂಪು ಬಲ್ಬು ತುರುಕಿ ಮುಗಿಸಲು ಹೋಗಬೇಡಿ, ಬೇರೆ ಲ್ಯಾಂಪೇ ತನ್ನಿ. ಕೊಳ್ಳುವಾಗ ಗಾಜಿನ ಮೇಲೆ ವೃತ್ತದೊಳಗೆ ‘ಇ’ ಗುರುತು ಮತ್ತು ಸಂಖ್ಯೆ ಇದೆಯೇ ನೋಡಿ: ಇ1 ಜರ್ಮನಿ, ಇ11 ಬ್ರಿಟನ್. ಜೊತೆಗೆ ಹಿಂದಿನ ಫಾಗ್‌ಗೆ ‘ಎಫ್’ ಅಕ್ಷರ, ಮುಂದಿನದಕ್ಕೆ ‘ಬಿ’ ಅಥವಾ ‘ಎಫ್3’ ಇರುತ್ತದೆ. ಗುರುತಿಲ್ಲದ ಎಲ್‌ಇಡಿ ಎಷ್ಟೇ ಜಗಮಗಿಸಿದರೂ ಕೆಲಸಕ್ಕೆ ಬಾರದು.

ಕೂರಿಸುವ ಜಾಗ ಬಂಪರೋ ಅದರಡಿಯ ಬ್ರ್ಯಾಕೆಟ್ಟೋ ಆಗಲಿ. ಮನೆಭಾಗದ ಗೋಡೆಗೆ ತೂತು ಕೊರೆದರೆ ನೀರಿಗೆ ದಾರಿ ತೋರಿಸಿದಂತೆ. ಒಳಗೆ ತೇವ ಹರಡಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಮರದ ಪಟ್ಟಿ ಕೊಳೆತಿರುತ್ತದೆ. ಫೈಬರ್ ಬಂಪರ್ ಕೊರೆಯುವಾಗ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಮೊದಲು ಡ್ರಿಲ್ಲನ್ನು ಹಿಮ್ಮುಖವಾಗಿ ತಿರುಗಿಸಿ ಮೇಲ್ಪದರವನ್ನು ಸವೆಸಿ, ಆಮೇಲೆ ಮುಮ್ಮುಖವಾಗಿ ಕೊರೆಯಿರಿ. ಇಲ್ಲವಾದರೆ ಹೊಳಪಿನ ಪದರ ಜೇಡರ ಬಲೆಯಂತೆ ಸೀಳುತ್ತದೆ.

ಇನ್ನು ವೈರಿಂಗ್. ಕರೆಂಟ್ ಎಳೆಯಬೇಕಾದದ್ದು ಎಂಜಿನ್ನಿನ ಬ್ಯಾಟರಿಯಿಂದ, ಮನೆಭಾಗದ ಲೆಷರ್ ಬ್ಯಾಟರಿಯಿಂದಲ್ಲ. 2006ರ ನಂತರದ ಫಿಯಟ್ ಡುಕಾಟೊ ಮೇಲೆ ಕಟ್ಟಿದ ಗಾಡಿಗಳಲ್ಲಿ ಬ್ಯಾಟರಿ ಬಾನೆಟ್ಟಿನಡಿ ಸಿಗುವುದಿಲ್ಲ, ಕ್ಯಾಬಿನ ನೆಲದ ಮುಚ್ಚಳ ತೆಗೆಯಬೇಕು. ನಾಲ್ಕು ಪಿನ್ನಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಕಿ ಆರಿಸುವ ಸ್ವಿಚ್) ಸಾಕು. 30ನೇ ಪಿನ್ನಿಗೆ ಬ್ಯಾಟರಿಯಿಂದ ಫ್ಯೂಸ್ ದಾಟಿ ಬಂದ ವೈರು, 87ರಿಂದ ದೀಪಕ್ಕೆ, 85 ಅರ್ತ್‌ಗೆ (ಕರೆಂಟ್ ಬ್ಯಾಟರಿಗೆ ಮರಳುವ ದಾರಿಗೆ). ಡಿಪ್ ಲೈಟಿನ ವೈರಿನಿಂದ ಸ್ವಿಚ್ಚಿಗೆ, ಸ್ವಿಚ್ಚಿನಿಂದ 86ಕ್ಕೆ. ಹೀಗೆ ಕೊಟ್ಟರೆ ಹೆಡ್‌ಲೈಟ್ ಹಾಕದೆ ಫಾಗ್ ಹತ್ತುವುದಿಲ್ಲ. ಆದರೆ ಸ್ವಿಚ್ ಒತ್ತಿದ ಸ್ಥಿತಿಯಲ್ಲೇ ನಿಲ್ಲುವ ಜಾತಿಯದಾದರೆ, ಮರುದಿನ ಹೆಡ್‌ಲೈಟ್ ಹಾಕಿದಾಗ ಫಾಗೂ ತಾನಾಗಿ ಹತ್ತುತ್ತದೆ. ಲೈಟ್ ಆರಿದೊಡನೆ ತಾನೂ ಆಫ್ ಆಗಿಬಿಡುವ ಸ್ವಿಚ್ಚನ್ನೇ ಕೇಳಿ ತನ್ನಿ. ಹಿಂದೆ 21 ವಾಟಿನ ಒಂದು ಬಲ್ಬು ಎಳೆಯುವುದು ಎರಡು ಆಂಪಿಯರಿಗೂ ಕಡಿಮೆ. 1 ಚದರ ಮಿ.ಮೀ. ವೈರು, 5 ಆಂಪಿಯರ್ ಫ್ಯೂಸ್ ಧಾರಾಳವಾಯಿತು. ಮುಂದಿನ ಜೋಡಿ 55 ವಾಟಿನವಾದರೆ ಒಟ್ಟು 9 ಆಂಪಿಯರಿಗೂ ಮೇಲೆ ಹೋಗುತ್ತದೆ, ಅದಕ್ಕೆ 2 ಚದರ ಮಿ.ಮೀ. ವೈರು, 15 ಆಂಪಿಯರ್ ಫ್ಯೂಸ್. ಫ್ಯೂಸ್ ಇರಬೇಕಾದದ್ದು ಬ್ಯಾಟರಿಯ ಪಕ್ಕದಲ್ಲಿ, ದೀಪದ ಪಕ್ಕದಲ್ಲಲ್ಲ. ಅದು ಕಾಯುವುದು ಬಲ್ಬನ್ನಲ್ಲ, ನಡುವಿನ ಅಷ್ಟುದ್ದದ ವೈರನ್ನು.

ಹೆಚ್ಚಿನ ತಕರಾರು ಬರುವುದು ಅರ್ತ್‌ನಿಂದ. ಕಾರಿನ ಬಾಡಿ ಉಕ್ಕಿನದು, ಎಲ್ಲಿ ಸ್ಕ್ರೂ ಹಾಕಿದರೂ ಅರ್ತ್ ಸಿಗುತ್ತದೆ. ಮೋಟಾರ್‌ಹೋಮಿನ ಹಿಂಭಾಗ ಫೈಬರಿನದು, ಇಲ್ಲವೆ ಮರದ ಚೌಕಟ್ಟಿಗೆ ಅಂಟಿಸಿದ ಅಲ್ಯೂಮಿನಿಯಂ ತಗಡು. ಹಾಗಾಗಿ ದೀಪದಿಂದ ಇನ್ನೊಂದು ವೈರನ್ನು ಚಾಸಿಯವರೆಗೆ ಎಳೆದು, ಪೇಂಟ್ ಕೆರೆದು, ರಿಂಗ್ ಟರ್ಮಿನಲ್ ಬಿಗಿದು, ಮೇಲೆ ಗ್ರೀಸ್ ಸವರಬೇಕು. ಫಾಗ್ ಹಾಕಿದಾಗ ಟೇಲ್ ಲೈಟ್ ಮಂಕಾದರೆ ಅಥವಾ ಇಂಡಿಕೇಟರಿನ ಜೊತೆ ಫಾಗೂ ಮಿಣಕಾಡಿದರೆ ಬಲ್ಬು ಬದಲಾಯಿಸಲು ಹೋಗಬೇಡಿ, ಅರ್ತ್ ನೋಡಿ. ವೈರನ್ನು ಕಚ್ಚಿ ಹಿಡಿಯುವ ಪ್ಲಾಸ್ಟಿಕ್ ಕ್ಲಿಪ್ ಕನೆಕ್ಟರುಗಳನ್ನು ಗಾಡಿಯಡಿ ಬಳಸಲೇಬೇಡಿ. ಅವು ಎಳೆಗಳನ್ನು ಸ್ವಲ್ಪ ಕತ್ತರಿಸುತ್ತವೆ, ಚಳಿಗಾಲದ ಉಪ್ಪುನೀರು ಒಳಗಿಳಿದರೆ ತಾಮ್ರ ಹಸಿರುಗಟ್ಟುತ್ತದೆ. ಬಿಸಿಗೆ ಕುಗ್ಗುವ ತೋಳಿರುವ ಕ್ರಿಂಪ್ ಒಳ್ಳೆಯದು.

ಹೊಸ ಗಾಡಿಗಳಲ್ಲಿ ದೀಪಗಳನ್ನು ಕಂಪ್ಯೂಟರ್ ನಡೆಸುತ್ತದೆ. ಇದ್ದ ವೈರಿಗೆ ನೇರವಾಗಿ ಇನ್ನೊಂದು ಬಲ್ಬು ಜೋಡಿಸಿದರೆ ಡ್ಯಾಶ್‌ಬೋರ್ಡಿನಲ್ಲಿ ಬಲ್ಬು ಕೆಟ್ಟಿದೆಯೆಂಬ ಎಚ್ಚರಿಕೆ ಬರುತ್ತದೆ. ರಿಲೇ ಹಾಕಿದರೂ ಒಮ್ಮೊಮ್ಮೆ ಅದು ಗರ್‍ರೆಂದು ಕಂಪಿಸುತ್ತದೆ, ಏಕೆಂದರೆ ಆ ವೈರಿನಲ್ಲಿ ವೋಲ್ಟೇಜ್ ಸ್ಥಿರವಾಗಿರದೆ ತುಣುಕುತುಣುಕಾಗಿ ಬರುತ್ತಿರುತ್ತದೆ. ಟೋಬಾರ್ (ಟ್ರೇಲರ್ ಎಳೆಯುವ ಕೊಂಡಿ) ಕೂರಿಸುವವರು ಬಳಸುವ ಬೈಪಾಸ್ ರಿಲೇ ಇದಕ್ಕೆ ಪರಿಹಾರ.

ಮುಂದಿನ ಫಾಗ್ ಲೈಟ್ ಐಚ್ಛಿಕ. ಹಾಕುವುದಾದರೆ ಬಿಳಿ ಅಥವಾ ಹಳದಿ, ನೆಲದಿಂದ 1200 ಮಿ.ಮೀ. ಒಳಗೆ. ಬೆಳಕಿನ ಮೇಲಂಚು ಸುಮಾರು ಶೇ. 3ರಷ್ಟು ಕೆಳಕ್ಕೆ ಬಾಗಿರಬೇಕು. ಗಾಡಿಯನ್ನು ಸಮನೆಲದಲ್ಲಿ ಗೋಡೆಗೆ ಎದುರಾಗಿ, ದೀಪದಿಂದ ಗೋಡೆಗೆ 5 ಮೀಟರ್ ದೂರ ಬರುವಂತೆ ನಿಲ್ಲಿಸಿ. ದೀಪದ ನಡುಬಿಂದುವಿನ ಎತ್ತರವನ್ನು ಗೋಡೆಗೆ ಗುರುತು ಹಾಕಿ, ಅದರ ಕೆಳಗೆ 15 ಸೆಂ.ಮೀ.ಗೆ ಟೇಪ್ ಅಂಟಿಸಿ. ಬೆಳಕಿನ ಮೇಲಂಚು ಆ ಟೇಪಿಗೆ ತಾಗಬೇಕು. ದೀಪ 40 ಸೆಂ.ಮೀ. ಎತ್ತರದಲ್ಲಿದ್ದರೆ ಈ ಅಂಚು ಸುಮಾರು 13 ಮೀಟರ್ ಮುಂದೆ ನೆಲ ಮುಟ್ಟುತ್ತದೆ. ಅಂದರೆ ಇದು ದೂರ ನೋಡುವ ದೀಪವೇ ಅಲ್ಲ, ರಸ್ತೆಯಂಚನ್ನೂ ಬಿಳಿಗೆರೆಯನ್ನೂ ತೋರಿಸುವ ದೀಪ. ದೂರ ಕಾಣಲೆಂದು ಎತ್ತಿಟ್ಟರೆ ಮಂಜಿನ ಹನಿಗಳು ಬೆಳಕನ್ನು ನಿಮ್ಮ ಕಣ್ಣಿಗೇ ತಿರುಗಿಸುತ್ತವೆ. ಹೈ ಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ನಿಲ್ಲುವುದೂ ಇದಕ್ಕೇ. ಹಿಂಬದಿಗೆ ಸೈಕಲ್‌ಗಳನ್ನು ಹೇರಿ, ಹಿಂದಿನ ಟ್ಯಾಂಕಿಗೆ ನೂರು ಲೀಟರ್ ನೀರು ತುಂಬಿದರೆ ಮೂತಿ ಮೇಲೇಳುತ್ತದೆಂಬುದು ನೆನಪಿರಲಿ.

ಯಾವಾಗ ಹಾಕಬೇಕು? ಹವಾಮಾನ ವರದಿಯಲ್ಲಿ ‘ಮಂಜು’ ಅಂದ ಮಾತ್ರಕ್ಕೆ ಅಲ್ಲ. ಸುಮಾರು 100 ಮೀಟರಿಗಿಂತ ಆಚೆ ಕಾಣದಿದ್ದರೆ ಹೆಡ್‌ಲೈಟ್ ಕಡ್ಡಾಯ. ಆಗ ಫಾಗ್ ಹಾಕಬಹುದು, ತಿಳಿಯಾದೊಡನೆ ಆರಿಸಲೇಬೇಕು. ದಟ್ಟ ಹಿಮಪಾತ, ಲಾರಿಗಳು ಚಿಮ್ಮಿಸುವ ನೀರಿನ ತುಂತುರು ಕೂಡ ಈ ಲೆಕ್ಕಕ್ಕೇ ಬರುತ್ತವೆ. ನೂರು ಮೀಟರ್ ಅಳೆಯುವುದು ಸುಲಭ. ಮೋಟಾರ್‌ವೇಯ ಅಂಚಿನಲ್ಲಿ ಪ್ರತಿ 100 ಮೀಟರಿಗೊಂದು ಮಾರ್ಕರ್ ಕಂಬ ನೆಟ್ಟಿರುತ್ತಾರೆ. ಒಂದನ್ನು ದಾಟುವಾಗ ಮುಂದಿನದು ಕಾಣುತ್ತಿದ್ದರೆ ಫಾಗ್ ಬೇಡ. ಕಂಬ ಸಿಗದಿದ್ದರೆ ಲೇನ್ ಗೆರೆ ಎಣಿಸಿ: 2 ಮೀಟರ್ ಗೆರೆ, 7 ಮೀಟರ್ ಖಾಲಿ, ಹಾಗಾಗಿ ಹನ್ನೊಂದು ಗೆರೆ ಕಂಡರೆ ನೂರು ಮೀಟರ್ ಕಂಡಂತೆ. ಎಣಿಸುವ ಕೆಲಸ ಪಕ್ಕದ ಸೀಟಿನವರದು. ತಿಳಿ ಹವೆಯಲ್ಲಿ ಫಾಗ್ ಉರಿಸಿಕೊಂಡು ಹೊರಟರೆ ಪೊಲೀಸರು ದಂಡ ಹಾಕಬಹುದು.

‘ಆಟೋ’ ಲೈಟನ್ನು ನಂಬಬೇಡಿ. ಅದರ ಸೆನ್ಸರ್ ಗುರುತಿಸುವುದು ಕತ್ತಲನ್ನು. ಹಗಲಿನ ಮಂಜು ಬೆಳ್ಳಗಿರುತ್ತದೆ, ಹಾಗಾಗಿ ಹೆಡ್‌ಲೈಟ್ ಹತ್ತದೆ ಮುಂದಿನ ಹಗಲು ದೀಪ ಮಾತ್ರ ಉರಿಯುತ್ತದೆ. ಬಹಳಷ್ಟು ಗಾಡಿಗಳಲ್ಲಿ ಆಗ ಹಿಂದೆ ಒಂದು ದೀಪವೂ ಇರುವುದಿಲ್ಲ, ಒಳಗೆ ಕೂತವರಿಗೆ ಅದು ಗೊತ್ತೂ ಆಗುವುದಿಲ್ಲ. ಕೈಯಿಂದಲೇ ಡಿಪ್ ಹಾಕಿ. ಮೋಟಾರ್‌ಹೋಮಿನ ಬೆನ್ನು ಚಪ್ಪಟೆಯಾದ್ದರಿಂದ ಗಾಳಿ ಸುಳಿದು ಕೊಚ್ಚೆಯನ್ನು ಹಿಂದಿನ ದೀಪಗಳ ಗಾಜಿಗೇ ಹೊಡೆಯುತ್ತದೆ. ಸರ್ವಿಸಸ್‌ನಲ್ಲಿ (ಮೋಟಾರ್‌ವೇಯ ತಂಗುದಾಣದಲ್ಲಿ) ಚಹಾಕ್ಕೆ ನಿಂತಾಗ ಒಂದು ಒದ್ದೆ ಬಟ್ಟೆ ಹಿಡಿದು ಹಿಂದಕ್ಕೆ ಹೋಗಿ ಬನ್ನಿ. ಸೈಕಲ್ ರ‍್ಯಾಕ್ ದೀಪಗಳನ್ನು ಮರೆಮಾಡುತ್ತಿದ್ದರೆ ಅದರ ಹಿಂದೆ ಲೈಟ್ ಬೋರ್ಡ್ (ದೀಪಗಳಿರುವ ಹಲಗೆ) ಕಟ್ಟಬೇಕು. ಆ ಬೋರ್ಡಿನಲ್ಲೂ ಫಾಗ್ ಲೈಟ್ ಇರಬೇಕು. ಬೋರ್ಡಿಗೆ ಕರೆಂಟ್ ಕೊಡುವುದು ಏಳು ಪಿನ್ನಿನ ಸಾಕೆಟ್ಟಾಗಲಿ ಹದಿಮೂರು ಪಿನ್ನಿನದಾಗಲಿ, ಫಾಗ್ ಲೈಟಿನದು 2ನೇ ಪಿನ್, ನೀಲಿ ವೈರು.

ಫೆರಿ ಹತ್ತಿ ಫ್ರಾನ್ಸಿನ ಕ್ಯಾಲೆ ಬಂದರಿನಲ್ಲಿ ಇಳಿದರೆ ಲೆಕ್ಕ ಬದಲಾಗುತ್ತದೆ. ಫ್ರಾನ್ಸಿನಲ್ಲಿ ಮಳೆಗೆ ಹಿಂದಿನ ಫಾಗ್ ಹಾಕುವಂತಿಲ್ಲ, ಮಂಜಿಗೂ ಹಿಮಪಾತಕ್ಕೂ ಮಾತ್ರ. ಜರ್ಮನಿಯಲ್ಲಿ ಮಂಜಿನಿಂದಾಗಿ 50 ಮೀಟರಿಗಿಂತ ಕಡಿಮೆ ಕಂಡಾಗ ಮಾತ್ರ ಹಿಂದಿನದಕ್ಕೆ ಅನುಮತಿ. ಎರಡೂ ದೇಶಗಳಲ್ಲಿ ಅಷ್ಟು ಕಡಿಮೆ ಕಂಡಾಗ ವೇಗದ ಮಿತಿ ಗಂಟೆಗೆ 50 ಕಿ.ಮೀ.ಗೆ ಇಳಿಯುತ್ತದೆ. ಜರ್ಮನಿಯ ರಸ್ತೆಯಂಚಿನ ಬಿಳಿ ಕಂಬಗಳ ನಡುವಿನ ಅಂತರವೂ ಸಾಮಾನ್ಯವಾಗಿ 50 ಮೀಟರೇ. ಮುಂದಿನ ಕಂಬ ಕಾಣದಾದಾಗ ಸ್ವಿಚ್ ಒತ್ತಿ, ಕಂಡಾಗ ಆರಿಸಿ.