ಪಿಕಪ್‌ಗೆ ಟ್ರೇಲರ್ ಬ್ರೇಕ್ ಕಂಟ್ರೋಲರ್ ಜೋಡಿಸುವ ಬಗೆ

ಕಾಸರಗೋಡಿನ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆ ಒಂದು ಗುಡ್ಡೆ ಇಳಿದು ಮುಗಿಯುವಷ್ಟರಲ್ಲಿ ಇನ್ನೊಂದು ಏರು ಎದುರಾಗುತ್ತದೆ. ಪಿಕಪ್ಪಿನ ಹಿಂದೆ ಒಂದೂವರೆ ಟನ್ನಿನ ಟ್ರೇಲರ್ ಇದ್ದರೆ ಇಳಿಜಾರಿನಲ್ಲಿ ಅದು ಗಾಡಿಯನ್ನು ಮುಂದಕ್ಕೆ ದೂಡುತ್ತದೆ. ತಿರುವಿನಲ್ಲಿ ಹಾಗೆ ದೂಡಿದರೆ ಪಿಕಪ್ಪಿನ ಹಿಂಭಾಗ ಪಕ್ಕಕ್ಕೆ ಜಾರಿ, ಗಾಡಿ ಮತ್ತು ಟ್ರೇಲರ್ ಕತ್ತರಿಯಂತೆ ಮಡಚಿಕೊಳ್ಳುತ್ತವೆ. ಟ್ರೇಲರ್ ತನ್ನ ಭಾರವನ್ನು ತಾನೇ ತಡೆಯುವಂತೆ ಮಾಡುವುದು ಬ್ರೇಕ್ ಕಂಟ್ರೋಲರಿನ ಕೆಲಸ. ಚಾಲಕ ಪೆಡಲ್ ಒತ್ತಿದಾಗ ಅದು ಟ್ರೇಲರ್ ಚಕ್ರಗಳಲ್ಲಿರುವ ವಿದ್ಯುತ್ ಮ್ಯಾಗ್ನೆಟ್‌ಗಳಿಗೆ ಅಳತೆ ಮಾಡಿ ಕರೆಂಟ್ ಕೊಡುತ್ತದೆ. ಗಲ್ಫಿನಲ್ಲಿ ದುಡಿದು ಊರಿಗೆ ಬಂದ ಆಟೋ ಎಲೆಕ್ಟ್ರಿಷಿಯನ್ ಯಾರಾದರೂ ಹತ್ತಿರದಲ್ಲಿದ್ದರೆ ಅವರ ಕೈಗೆ ಈ ಕೆಲಸದ ಪರಿಚಯ ಇರಬಹುದು, ಕೇಳಿ ನೋಡಿ.

ಕಂಟ್ರೋಲರ್ ಕೊಳ್ಳುವ ಮೊದಲು ಟ್ರೇಲರಿನ ಅಡಿಗೆ ಬಗ್ಗಿ ನೋಡಿ. ಚಕ್ರದ ಒಳಬದಿಯ ತಗಡಿನಿಂದ ಎರಡು ವಯರ್ ಹೊರಬಂದಿದ್ದರೆ ಅದು ಎಲೆಕ್ಟ್ರಿಕ್ ಬ್ರೇಕ್. ಆಯಿಲ್ ಪೈಪ್ ಬಂದಿದ್ದರೆ ಹೈಡ್ರಾಲಿಕ್. ಅದಕ್ಕೆ ಸಾಮಾನ್ಯ ಕಂಟ್ರೋಲರನ್ನು ನೇರವಾಗಿ ಜೋಡಿಸಿ ಪ್ರಯೋಜನವಿಲ್ಲ. ದೋಣಿ ಸಾಗಿಸುವ ಟ್ರೇಲರ್ ಆದರೆ ಎಲೆಕ್ಟ್ರಿಕ್ ಬ್ರೇಕ್ ಬೇಡವೆಂದೇ ನಮ್ಮ ಅಭಿಪ್ರಾಯ. ಉಪ್ಪುನೀರಿಗೆ ಇಳಿದ ಡ್ರಮ್ಮಿನೊಳಗೆ ಮ್ಯಾಗ್ನೆಟ್ ಹೆಚ್ಚು ಕಾಲ ಬಾಳುವುದಿಲ್ಲ.

ಕಂಟ್ರೋಲರಿನಲ್ಲಿ ಎರಡು ಬಗೆ. ಟೈಮರ್ ಬಗೆಯದು ಪೆಡಲ್ ಎಷ್ಟೇ ಒತ್ತಿದರೂ ನಿಗದಿತ ವೇಗದಲ್ಲಿ ಕರೆಂಟ್ ಏರಿಸುತ್ತ ಹೋಗುತ್ತದೆ. ಪ್ರಪೋರ್ಷನಲ್ ಬಗೆಯದು ಗಾಡಿ ಎಷ್ಟು ಜೋರಾಗಿ ನಿಧಾನವಾಗುತ್ತಿದೆ ಎಂದು ಒಳಗಿನ ಸೆನ್ಸರಿನಿಂದ ಅಳೆದು ಅಷ್ಟಕ್ಕೇ ತಕ್ಕಂತೆ ಕೊಡುತ್ತದೆ. ಮತ್ತೆ ಮತ್ತೆ ಬ್ರೇಕ್ ಮುಟ್ಟಬೇಕಾದ ಈ ರಸ್ತೆಗಳಿಗೆ ಎರಡನೆಯದೇ ಸರಿ.

ಮೊದಲು ಡ್ರಮ್

ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂ ಸಡಿಲವಿದ್ದರೆ ಎಷ್ಟು ಕರೆಂಟ್ ಕೊಟ್ಟರೂ ಟ್ರೇಲರ್ ನಿಲ್ಲುವುದಿಲ್ಲ. ಇದನ್ನು ಬಿಟ್ಟು ನೇರವಾಗಿ ಡ್ಯಾಶ್‌ಬೋರ್ಡಿಗೆ ಕೈಹಾಕುವವರೇ ಆಮೇಲೆ ಕಂಟ್ರೋಲರನ್ನು ದೂರುತ್ತಾರೆ. ಟ್ರೇಲರನ್ನು ಸಮನೆಲದಲ್ಲಿ ನಿಲ್ಲಿಸಿ, ಉಳಿದ ಚಕ್ರಗಳಿಗೆ ಅಡೆ ಕೊಟ್ಟು, ಜಾಕಿಯಲ್ಲಿ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಜಾಕಿಯೊಂದನ್ನೇ ನಂಬಿ ಅಡಿಗೆ ಹೋಗಬೇಡಿ. ಒಳಬದಿಯ ತಗಡಿನ ಕೆಳಭಾಗದ ಸೀಳಿನಲ್ಲಿ ಸ್ಕ್ರೂಡ್ರೈವರ್ ತೂರಿಸಿ ಹಲ್ಲುಚಕ್ರವನ್ನು ತಿರುಗಿಸುತ್ತ, ಚಕ್ರ ಕೈಯಲ್ಲಿ ತಿರುಗಿಸಲು ಕಷ್ಟವಾಗುವವರೆಗೆ ಬಿಗಿ ಮಾಡಿ. ಆಮೇಲೆ ಹಿಂದಕ್ಕೆ ಸಡಿಲಿಸಿ. ಚಕ್ರ ಸರಾಗ ತಿರುಗಬೇಕು, ಆದರೆ ಲೈನಿಂಗ್ ಸವರುವ ಸಣ್ಣ ಸದ್ದು ಕೇಳುತ್ತಿರಬೇಕು. ಎಲ್ಲ ಚಕ್ರಗಳೂ ಒಂದೇ ಹದಕ್ಕೆ ಬರಬೇಕು.

ಇದೇ ಹೊತ್ತಿನಲ್ಲಿ ಮಲ್ಟಿಮೀಟರ್ ಹಿಡಿಯಿರಿ. 10 ಅಥವಾ 12 ಇಂಚಿನ ಡ್ರಮ್ಮಿನ ಮ್ಯಾಗ್ನೆಟ್ ಸುಮಾರು 3.2 ಓಂ ತೋರಿಸುತ್ತದೆ. ತೀರಾ ಕಡಿಮೆ ಬಂದರೆ ಒಳಗೆ ಶಾರ್ಟ್ ಆಗಿದೆ, ಏನೂ ತೋರದಿದ್ದರೆ ಸುರುಳಿ ತುಂಡಾಗಿದೆ. ವಯರಿಗೂ ಮ್ಯಾಗ್ನೆಟ್ಟಿನ ಲೋಹಕ್ಕೂ ನಡುವೆ ಸಂಪರ್ಕ ತೋರಲೇಬಾರದು.

ವಯರಿನ ದಪ್ಪ

3.2 ಓಂ ಮ್ಯಾಗ್ನೆಟ್ 12 ವೋಲ್ಟಿಗೆ ಸುಮಾರು 3.75 ಆಂಪಿಯರ್ ಎಳೆಯುತ್ತದೆ. ಎರಡು ಆಕ್ಸಲ್, ನಾಲ್ಕು ಬ್ರೇಕ್ ಇದ್ದರೆ 15 ಆಂಪಿಯರ್. ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಬಂದು, ಅಲ್ಲಿಂದ ಹಿಂದಿನ ಸಾಕೆಟ್ ಮುಟ್ಟಲು 8 ಮೀಟರ್ ವಯರ್ ಬೇಕೆಂದಿಟ್ಟುಕೊಳ್ಳಿ. ಲೈಟಿಗೆ ಹಾಕುವ 1 ಚದರ ಮಿಲಿಮೀಟರಿನ ತಾಮ್ರದ ವಯರ್ ಹಾಕಿದರೆ ದಾರಿಯಲ್ಲೇ 2 ವೋಲ್ಟಿಗಿಂತ ಹೆಚ್ಚು ಕಳೆದುಹೋಗುತ್ತದೆ, ವಯರೂ ಬಿಸಿಯಾಗುತ್ತದೆ. 2.5ರದ್ದಾದರೆ 0.9 ವೋಲ್ಟ್, 6ರದ್ದಾದರೆ 0.4 ವೋಲ್ಟಿಗೂ ಕಡಿಮೆ ನಷ್ಟ. ಎರಡು ಬ್ರೇಕಿಗೆ 4, ನಾಲ್ಕಕ್ಕೆ 6 ಚದರ ಮಿಲಿಮೀಟರ್ ಹಾಕಿ. ಬ್ರೇಕಿಗೆ ಹೋದ ಕರೆಂಟೆಲ್ಲ ಸಾಕೆಟ್ಟಿನ ಅರ್ಥ್ ಪಿನ್ನಿನ ಮೂಲಕವೇ ಮರಳಬೇಕು. ಆದ್ದರಿಂದ ಆ ಅರ್ಥ್ ವಯರೂ ಅಷ್ಟೇ ದಪ್ಪವಿರಲಿ. ಟ್ರೇಲರ್ ಸಿಕ್ಕಿಸುವ ಹಿಚ್ ಬಾಲ್ ಮುಟ್ಟಿಕೊಂಡಿದೆಯಲ್ಲ, ಅರ್ಥ್ ಸಿಗುತ್ತದೆ ಎಂದು ಬಿಡುವುದು ದೊಡ್ಡ ತಪ್ಪು; ಗ್ರೀಸ್ ಮೆತ್ತಿದ ಬಾಲ್ ಒಮ್ಮೆ ಮುಟ್ಟುತ್ತದೆ, ಒಮ್ಮೆ ಬಿಡುತ್ತದೆ.

ನಾಲ್ಕು ವಯರ್

ಕೆಲಸಕ್ಕೆ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಹೆಚ್ಚಿನ ಕಂಟ್ರೋಲರುಗಳಲ್ಲಿ ಕಪ್ಪು, ಬಿಳಿ, ಕೆಂಪು, ನೀಲಿ ಎಂದು ನಾಲ್ಕು ವಯರುಗಳಿರುತ್ತವೆ. ನಮ್ಮ ಕಡೆಯ ಅಭ್ಯಾಸದಂತೆ ಕಪ್ಪೆಂದರೆ ಅರ್ಥ್ ಎಂದು ಜೋಡಿಸಿದರೆ ಕಂಟ್ರೋಲರ್ ಸುಟ್ಟುಹೋದೀತು. ಇಲ್ಲಿ ಕಪ್ಪೇ ಬ್ಯಾಟರಿಯ ಪಾಸಿಟಿವ್. ಎರಡು ಬ್ರೇಕಿಗೆ 20, ನಾಲ್ಕಕ್ಕೆ 30 ಆಂಪಿಯರಿನ, ತಾನೇ ಮರಳಿ ಜೋಡಿಕೊಳ್ಳುವ ಸರ್ಕ್ಯೂಟ್ ಬ್ರೇಕರನ್ನು ಬ್ಯಾಟರಿಯ ಪಕ್ಕದಲ್ಲೇ ಹಾಕಿ, ಅದರ ಮೂಲಕ ಕಪ್ಪು ವಯರ್ ತನ್ನಿ. ಬಿಳಿ ವಯರ್ ಅರ್ಥ್. ಅದನ್ನು ಡ್ಯಾಶ್‌ಬೋರ್ಡಿನ ತಗಡಿಗೆ ಸ್ಕ್ರೂ ಮಾಡದೆ ಬ್ಯಾಟರಿಯ ನೆಗೆಟಿವ್‌ಗೇ ಒಯ್ಯಿರಿ. ನೀಲಿ ವಯರ್ ಟ್ರೇಲರಿನ ಬ್ರೇಕಿಗೆ ಹೋಗುವಂಥದು.

ತಾಳ್ಮೆ ಬೇಕಾದದ್ದು ಕೆಂಪಿಗೆ. ಅದು ಬ್ರೇಕ್ ಪೆಡಲ್ ಮೇಲಿನ ಸ್ಟಾಪ್‌ಲೈಟ್ ಸ್ವಿಚ್ಚಿಗೆ ಸೇರಬೇಕು, ಅದೂ ಪೆಡಲ್ ಒತ್ತಿದಾಗ ಮಾತ್ರ ಕರೆಂಟ್ ಬರುವ ಬದಿಗೆ. ಇದನ್ನು ಹುಡುಕುವಷ್ಟು ಹೊತ್ತು ಬ್ಯಾಟರಿ ಜೋಡಿಸಿಕೊಳ್ಳಿ. ಪೆಡಲ್ ಬಿಟ್ಟಾಗ 0, ಒತ್ತಿದಾಗ 12 ವೋಲ್ಟ್ ತೋರುವ ವಯರೇ ಬೇಕಾದದ್ದು. ಬಳಿಕ ನಾಲ್ಕೂ ಇಂಡಿಕೇಟರ್ ಒಟ್ಟಿಗೆ ಹಾಕಿ ನೋಡಿ. ಆಗ ಮೀಟರ್ ಮಿಡಿದರೆ ನೀವು ಹಿಡಿದ ವಯರ್ ತಪ್ಪು. ಸದಾ ಕರೆಂಟ್ ಇರುವ ಬದಿಗೆ ಸೇರಿಸಿದರೆ ಟ್ರೇಲರಿನ ಬ್ರೇಕ್ ಬಿಡುವುದೇ ಇಲ್ಲ, ಕೆಲವು ಕಿಲೋಮೀಟರಿನಲ್ಲೇ ಡ್ರಮ್ ಹೊಗೆಯಾಡುತ್ತದೆ. ಸ್ಟಾಪ್‌ಲೈಟನ್ನು ಕಂಪ್ಯೂಟರ್ ನಿಯಂತ್ರಿಸುವ ಹೊಸ ಪಿಕಪ್‌ಗಳಲ್ಲಿ ವಯರ್ ಸಿಪ್ಪೆ ಸುಲಿಯಬೇಡಿ. ಆ ಮಾದರಿಗೆಂದೇ ಬರುವ ಜೋಡಣಾ ವಯರ್ ಕಟ್ಟು ತರಿಸಿಕೊಳ್ಳಿ.

ಹಿಂದಿನ ಸಾಕೆಟ್ಟಿನಲ್ಲೂ ಎಡವಲು ಅವಕಾಶವಿದೆ. ಐಎಸ್‌ಒ 1724 ಮಾದರಿಯ ಏಳು ಪಿನ್ನಿನ ದುಂಡು ಸಾಕೆಟ್ಟಿನಲ್ಲಿ ಎಲೆಕ್ಟ್ರಿಕ್ ಬ್ರೇಕಿಗೆಂದು ಪಿನ್ನೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಐದನೆಯ ಪಿನ್ನನ್ನು ಅದಕ್ಕೆ ಬಳಸುತ್ತಾರೆ. ಉಳಿದ ಕಡೆ ಅದೇ ಪಿನ್ ಬಲಬದಿಯ ಹಿಂದೀಪದ್ದು. ಚಪ್ಪಟೆ ಪಿನ್ನಿನ ಅಮೆರಿಕದ ಮಾದರಿಯಲ್ಲಿ ಬ್ರೇಕಿಗೆ ಪ್ರತ್ಯೇಕ ಪಿನ್ ಇದೆ. ಟ್ರೇಲರ್ ಎಲ್ಲಿಯದೋ, ಪಿಕಪ್ ಎಲ್ಲಿಯದೋ ಆಗಿರುವಾಗ ಬಣ್ಣ ನೋಡಿ ಸೇರಿಸದೆ ಒಂದೊಂದೇ ಪಿನ್ನನ್ನು ಮೀಟರಿನಲ್ಲಿ ನೋಡಿ.

ಕಂಟ್ರೋಲರನ್ನು ಕೈಗೆ ಎಟಕುವಲ್ಲಿ, ಮೊಣಕಾಲಿಗೆ ತಾಗದಂತೆ ಗಟ್ಟಿಯಾಗಿ ಕೂರಿಸಿ. ಕೆಲವು ಮಾದರಿಗಳಲ್ಲಿ ಸ್ಟೇರಿಂಗ್ ಕೆಳಗೆ ಮೊಣಕಾಲಿನ ಏರ್‌ಬ್ಯಾಗ್ ಇದೆ. ಅಲ್ಲಿ ತೂತು ಕೊರೆಯಲೇಬಾರದು. ಪ್ರಪೋರ್ಷನಲ್ ಆದರೆ ಅದರ ಮೂತಿ ಗಾಡಿಯ ಉದ್ದಕ್ಕೆ ನೇರವಾಗಿರಬೇಕು, ಓರೆ ಕೈಪಿಡಿ ಹೇಳಿದ ಮಿತಿಯೊಳಗಿರಬೇಕು. ಸಡಿಲವಾಗಿ ನೇತಾಡಿದರೆ ರಸ್ತೆಯ ಹೊಂಡವನ್ನೂ ಬ್ರೇಕೆಂದೇ ಅದು ತಿಳಿದುಕೊಳ್ಳುತ್ತದೆ.

ಹದ ಮಾಡುವುದು

ಇದಕ್ಕೆ ಒಣಗಿದ, ಸಮತಟ್ಟಾದ, ಜನಸಂಚಾರವಿಲ್ಲದ ಜಾಗ ಬೇಕು. ಯಾವುದಾದರೂ ಪದವಿನ (ಗುಡ್ಡದ ಮೇಲಿನ ಸಮತಟ್ಟು ಬಯಲಿನ) ಖಾಲಿ ರಸ್ತೆ ಸಾಕು. ತಲಪಾಡಿ–ಚೆಂಗಳ ನಡುವಿನ ಆರು ಪಥದ ಹೆದ್ದಾರಿ ಇದಕ್ಕೆ ಜಾಗವಲ್ಲ. ಟ್ರೇಲರಿನಲ್ಲಿ ನೀವು ದಿನವೂ ಒಯ್ಯುವಷ್ಟೇ ಭಾರ ಇರಲಿ. ಮೊದಲು ಕೆಲವು ಸಲ ಬ್ರೇಕ್ ಹಾಕಿ ಡ್ರಮ್ ಬೆಚ್ಚಗೆ ಮಾಡಿಕೊಳ್ಳಿ. ತಣ್ಣಗಿದ್ದಾಗ ಹದ ಮಾಡಿದರೆ ಬಿಸಿಯಾದ ಮೇಲೆ ಹಿಡಿತ ಬೇರೆಯಾಗುತ್ತದೆ.

ಗಂಟೆಗೆ 40 ಕಿಲೋಮೀಟರಿನಲ್ಲಿ ಹೋಗುತ್ತ, ಪೆಡಲ್ ಮುಟ್ಟದೆ, ಟ್ರೇಲರ್ ಬ್ರೇಕನ್ನು ಮಾತ್ರ ಹಿಡಿಸುವ ಕಂಟ್ರೋಲರಿನ ಕೈ ಲಿವರನ್ನು ಪೂರ್ತಿ ಒತ್ತಿ. ಟ್ರೇಲರ್ ಚಕ್ರ ಕಟ್ಟಿಹಾಕಿದಂತೆ ನಿಂತು ಉಜ್ಜಿದರೆ ಗೇನ್ (ಟ್ರೇಲರ್ ಬ್ರೇಕಿಗೆ ಎಷ್ಟು ಕರೆಂಟ್ ಹೋಗಬೇಕೆಂದು ಕಂಟ್ರೋಲರಿನಲ್ಲಿ ಇಡುವ ಅಂಕೆ) ಇಳಿಸಿ. ಎಳೆತವೇ ತಿಳಿಯದಿದ್ದರೆ ಏರಿಸಿ. ಚಕ್ರ ನಿಂತುಬಿಡುವುದಕ್ಕೆ ಸ್ವಲ್ಪ ಮೊದಲಿನ ಅಂಕೆಯೇ ನಿಮ್ಮದು. ಆಮೇಲೆ ಪೆಡಲ್ ಒತ್ತಿ ನೋಡಿ. ಟ್ರೇಲರ್ ಹಿಂದಿನಿಂದ ದೂಡಲೂಬಾರದು, ಜಗ್ಗಲೂಬಾರದು. ಖಾಲಿ ಟ್ರೇಲರಿಗೆ ಗೇನ್ ಇಳಿಸಬೇಕು, ಮಳೆ ಬಿದ್ದ ರಸ್ತೆಯಲ್ಲಿ ಇನ್ನೂ ಇಳಿಸಬೇಕು. ಪಾಣತ್ತೂರಿನಿಂದ ಭಾಗಮಂಡಲದ ಕಡೆಯಂಥ ಘಟ್ಟದ ದಾರಿಯಲ್ಲಿ ಇಳಿಯುವಾಗ ಗೇನ್ ಏರಿಸಿ ಬ್ರೇಕಿನ ಮೇಲೆಯೇ ನಿಲ್ಲಬೇಡಿ. ಕೆಳ ಗೇರಿಗೆ ಹಾಕಿ, ಬ್ರೇಕ್ ಒತ್ತಿ ಬಿಟ್ಟು ಇಳಿಯಿರಿ. ಕಾದ ಡ್ರಮ್ಮಿಗೆ ಹಿಡಿತವಿಲ್ಲ.

ಬ್ರೇಕ್‌ಅವೇ ಸ್ವಿಚ್ಚನ್ನೂ ಪರೀಕ್ಷಿಸಿ. ಹಿಚ್ ಕಳಚಿಕೊಂಡರೆ ಅದರ ಪಿನ್ ಕಿತ್ತು ಟ್ರೇಲರಿನದ್ದೇ ಬ್ಯಾಟರಿಯಿಂದ ಬ್ರೇಕ್ ಹಿಡಿಯಬೇಕು. ಅಮೆರಿಕದ ನಿಯಮದಂತೆ ಕನಿಷ್ಠ 15 ನಿಮಿಷ. ಅದರ ತಂತಿಯನ್ನು ಪಿಕಪ್ಪಿನ ಚಾಸಿಗೆ ಕಟ್ಟಿ, ಹಿಚ್ ಬಾಲಿಗಾಗಲಿ ಸುರಕ್ಷಾ ಸರಪಳಿಗಾಗಲಿ ಬೇಡ. ಪಿನ್ ಎಳೆಯುವ ಮೊದಲು ಪ್ಲಗ್ ಕಳಚಿ, ಇಲ್ಲದಿದ್ದರೆ ಕರೆಂಟ್ ಹಿಮ್ಮುಖವಾಗಿ ಹರಿದು ಕಂಟ್ರೋಲರ್ ಕೆಡಬಹುದು.

ಜೂನಿನಿಂದ ಸೆಪ್ಟೆಂಬರಿನವರೆಗೆ ಪ್ಲಗ್ಗೇ ಮೊದಲು ಕೈಕೊಡುವುದು. ಪಿನ್ನಿನಲ್ಲಿ ಹಸಿರು ಕಿಲುಬು ಕಂಡರೆ ಉಜ್ಜಿ ತೆಗೆದು ಡೈಎಲೆಕ್ಟ್ರಿಕ್ ಗ್ರೀಸ್ ಸವರಿ. ಮುಚ್ಚಳದ ಕೀಲು ಮೇಲ್ಬದಿಗೆ ಇರುವಂತೆ ಸಾಕೆಟ್ ಕೂರಿಸಿ. ಹೊಸ ಶೂ ಆದರೆ ಮೊದಲ 320 ಕಿಲೋಮೀಟರಿಗೆ, ಆಮೇಲೆ ಪ್ರತಿ 4,800 ಕಿಲೋಮೀಟರಿಗೆ ಹಲ್ಲುಚಕ್ರ ತಿರುಗಿಸಿ ಬಿಗಿ ನೋಡಿ, ಗೇನನ್ನು ಮತ್ತೊಮ್ಮೆ ಹದ ಮಾಡಿ.