ಅಂಚೆಯಲ್ಲಿ ಬರುವ ಕೋಳಿಮರಿ: ಆರ್ಡರ್ ಮಾಡುವ ಮುಂಚೆ ನಾನು ಕೇಳುವುದೇನು?

ಅಂಚೆಯಲ್ಲಿ ಕೋಳಿಮರಿ ತರಿಸುತ್ತೇನೆ ಅಂದರೆ ಕೆಲವರು ಹೌಹಾರುತ್ತಾರೆ. "ಜೀವ ಇರೋ ಮರೀನ ಪಾರ್ಸೆಲ್ ಮಾಡ್ತಾರಾ?" ಅಂತ ಕೇಳುತ್ತಾರೆ. ಕೋಳಿ ಸಾಕಿ ಗೊತ್ತಿರುವವರು ಮಾತ್ರ "ಮೂರು ದಿನ ಅವಕ್ಕೆ ಏನೂ ಬೇಡ ಬಿಡಿ" ಅಂದು ಮಾತು ಮುಗಿಸುತ್ತಾರೆ. ನನ್ನ ತಕರಾರು ಈ ಎರಡನೆಯವರ ಜೊತೆ.

ಅವರು ಹೇಳುವುದು ಸುಳ್ಳಲ್ಲ. ಮೊಟ್ಟೆ ಒಡೆಯುವ ಸ್ವಲ್ಪ ಮುಂಚೆ ಮರಿ ಉಳಿದ ಹಳದಿಯನ್ನು ಹೊಟ್ಟೆಯೊಳಕ್ಕೆ ಎಳೆದುಕೊಳ್ಳುತ್ತದೆ. ಹುಟ್ಟಿದ ಮೇಲೆ ಎರಡು ಮೂರು ದಿನ ಅದೇ ಅದರ ದಾರಿಬುತ್ತಿ. ಇದಕ್ಕೆ ಕಾರಣವೂ ಇದೆ. ಕಾವು ಕೂತ ಕೋಳಿಯ ಕೆಳಗೆ ಎಲ್ಲ ಮೊಟ್ಟೆಗಳೂ ಒಟ್ಟಿಗೆ ಒಡೆಯುವುದಿಲ್ಲ. ಮೊದಲು ಬಂದ ಮರಿ, ಕೊನೆಯದು ಬರುವ ತನಕ ಅಮ್ಮನ ರೆಕ್ಕೆಯ ಕೆಳಗೆ ಕಾಯಬೇಕು. ಈ ಬಲದ ಮೇಲೆಯೇ ಅಮೆರಿಕದ ಅಂಚೆ ಇಲಾಖೆ 1918ರಿಂದ ಒಂದು ದಿನದ ಮರಿಗಳನ್ನು ಸಾಗಿಸುತ್ತಾ ಬಂದಿದೆ. ಹುಟ್ಟಿದ 72 ಗಂಟೆಯೊಳಗೆ ತಲುಪಬೇಕು ಅನ್ನುವುದು ಅಲ್ಲಿನ ನಿಯಮ. ಬ್ರಿಟನ್ನಿನ ರಾಯಲ್ ಮೇಲ್ ಜೇನುನೊಣ, ಜಿಗಣೆಯನ್ನಾದರೂ ತೆಗೆದುಕೊಳ್ಳುತ್ತದೆ, ಕೋಳಿಮರಿಯನ್ನು ಮುಟ್ಟುವುದಿಲ್ಲ. ಅಂದರೆ ಇದು ಎಲ್ಲರೂ ಒಪ್ಪಿಕೊಂಡ ಪದ್ಧತಿ ಏನಲ್ಲ.

ಆ 72 ಗಂಟೆ ಯಾವಾಗಿಂದ ಶುರು? ಹುಟ್ಟಿದಾಗಿಂದ. ಡಬ್ಬಿಯನ್ನು ಅಂಚೆಗೆ ಕೊಟ್ಟಾಗಿಂದ ಅಲ್ಲ. ಕೊಳ್ಳುವವರು ಎಡವುವುದೇ ಇಲ್ಲಿ. ಹ್ಯಾಚರಿಯ, ಅಂದರೆ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಿ ಮಾರುವ ಕೇಂದ್ರದ, ಯಂತ್ರದಲ್ಲೂ ಮೊದಲ ಮರಿಗೂ ಕೊನೆಯ ಮರಿಗೂ ಒಂದು ದಿನಕ್ಕಿಂತ ಜಾಸ್ತಿ ಅಂತರ ಇರಬಹುದು. ಹೆಚ್ಚುಕಡಿಮೆ ಎಲ್ಲ ಮೊಟ್ಟೆ ಒಡೆದ ಮೇಲೆ ಟ್ರೇಗಳನ್ನು ಒಟ್ಟಿಗೆ ಹೊರಗೆ ತೆಗೆಯುತ್ತಾರೆ. ಆಮೇಲೆ ಹೆಣ್ಣು ಗಂಡು ಬೇರೆ ಮಾಡಬೇಕು, ಮರೆಕ್ಸ್ ಅನ್ನುವ ಕೋಳಿರೋಗಕ್ಕೆ ಲಸಿಕೆ ಹಾಕಬೇಕು, ಎಣಿಸಬೇಕು, ಡಬ್ಬಿಗೆ ತುಂಬಬೇಕು. ಇಷ್ಟೆಲ್ಲ ಮುಗಿದು ಡಬ್ಬಿ ವ್ಯಾನ್ ಹತ್ತುವಾಗ, ಮೊದಲು ಹುಟ್ಟಿದ ಮರಿ ತನ್ನ ಬುತ್ತಿಯಲ್ಲಿ ದೊಡ್ಡ ಪಾಲು ಖಾಲಿ ಮಾಡಿರುತ್ತದೆ.

ಅದಕ್ಕೇ ನನ್ನ ಮೊದಲ ಪ್ರಶ್ನೆ ತಳಿಯ ಬಗ್ಗೆ ಅಲ್ಲ. ಟ್ರೇ ಹೊರಗೆ ತೆಗೆಯುವುದು ಎಷ್ಟು ಗಂಟೆಗೆ, ಡಬ್ಬಿ ಹೊರಡುವುದು ಎಷ್ಟು ಗಂಟೆಗೆ ಅಂತ ಕೇಳುತ್ತೇನೆ. ಒಳ್ಳೆಯ ಹ್ಯಾಚರಿಯವರು ತಡಬಡಾಯಿಸದೆ ಹೇಳುತ್ತಾರೆ. "ಅದೆಲ್ಲ ನಮಗೆ ಬಿಡಿ" ಅನ್ನುವವರ ಹತ್ತಿರ ನಾನು ಕೊಳ್ಳುವುದಿಲ್ಲ.

ಇನ್ನೊಂದು ಮಾತು. ಆ ಹಳದಿ ಬರೀ ಹೊಟ್ಟೆ ತುಂಬಿಸಲು ಇರುವುದಲ್ಲ. ತಾಯಿಯಿಂದ ಬಂದ ರೋಗ ತಡೆಯುವ ಶಕ್ತಿಯೂ ಅದರಲ್ಲಿದೆ. ಬೇಗ ಕಾಳು ನೀರು ಸಿಕ್ಕ ಮರಿಯ ಕರುಳು ಬೇಗ ಬಲಿಯುತ್ತದೆ. ಹಾಗಾಗಿ "ಮೂರು ದಿನ ಏನೂ ಬೇಡ" ಅಂದರೆ "ಮೂರು ದಿನ ಸಾಯುವುದಿಲ್ಲ" ಅಂತ ಅರ್ಥ, ಅಷ್ಟೇ.

ಹಸಿವಿಗಿಂತ ನನಗೆ ಜಾಸ್ತಿ ಭಯ ಚಳಿಯದು, ಸೆಕೆಯದು. ಹೊಸ ಮರಿಗೆ ತನ್ನ ಮೈ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಮೊದಲ ವಾರ ಅದಕ್ಕೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಬೇಕು. ಡಬ್ಬಿಯಲ್ಲಿ ಬಲ್ಬು ಎಲ್ಲಿಂದ ಬರಬೇಕು? ಪಕ್ಕದ ಮರಿಗಳ ಮೈಶಾಖವೇ ಗತಿ. ಚಳಿ ಹೆಚ್ಚಾದರೆ ಒಂದರ ಮೇಲೊಂದು ಬಿದ್ದು ಗುಡ್ಡೆಯಾಗುತ್ತವೆ, ಅಡಿಯಲ್ಲಿ ಸಿಕ್ಕವು ಉಸಿರುಕಟ್ಟಿ ಸಾಯುತ್ತವೆ. ಮುಚ್ಚಿದ ವ್ಯಾನಿನಲ್ಲಿ ಸೆಕೆಯಾದರೆ ಬಾಯಿ ತೆರೆದು ಏದುಸಿರು ಬಿಡುತ್ತವೆ, ಮೈಯಲ್ಲಿನ ನೀರು ಆರುತ್ತದೆ, ಆಗ 72 ಗಂಟೆಯ ಲೆಕ್ಕಕ್ಕೆ ಬೆಲೆಯೇ ಇಲ್ಲ. ನಾನು ಎರಡೂ ತುದಿಯ ಹವಾಮಾನ ನೋಡಿ, ರಾತ್ರಿಯ ಚಳಿಯನ್ನೂ ನೋಡಿ ದಿನ ಗೊತ್ತುಮಾಡುತ್ತೇನೆ. ವಾರದ ಶುರುವಿನಲ್ಲೇ ಡಬ್ಬಿ ಹೊರಡಬೇಕು, ಭಾನುವಾರ ಎಲ್ಲೋ ಗೋದಾಮಿನಲ್ಲಿ ಕೂರುವಂತೆ ಆಗಬಾರದು. ಹಬ್ಬದ ರಜೆಯ ವಾರವಂತೂ ಬೇಡವೇ ಬೇಡ.

ಬಿಸಿಯ ವಿಷಯಕ್ಕೆ ಇನ್ನೊಂದು ಕಥೆ ಅಂಟಿಕೊಂಡಿದೆ. ಡಬ್ಬಿ ಬೆಚ್ಚಗಿರಬೇಕಾದರೆ ಮರಿಗಳು ಸಾಕಷ್ಟು ಇರಬೇಕು. ಅದಕ್ಕೇ ಎಷ್ಟೋ ಹ್ಯಾಚರಿಗಳು 25ಕ್ಕಿಂತ ಕಡಿಮೆ ಕೊಡುತ್ತಿರಲಿಲ್ಲ. ಈಗ ಹಿತ್ತಲಲ್ಲಿ ನಾಲ್ಕೈದು ಸಾಕುವವರೇ ಹೆಚ್ಚು. ಅವರ ಸಣ್ಣ ಆರ್ಡರಿಗೆ ಕೆಲವು ಕಡೆ, ಕೇಳದಿದ್ದರೂ, ಒಂದಷ್ಟು ಗಂಡುಮರಿ ಸೇರಿಸಿ ಕಳಿಸುತ್ತಾರೆ. ಯಾಕೆ? ಬಿಸಿಗೆ! ಗಾಜಿನ ಸಾಮಾನು ಒಡೆಯದಂತೆ ಕಾಗದ ತುರುಕಿದ ಹಾಗೆ, ಜೀವ ಇರುವ ಮರಿಯನ್ನು ತುರುಕುವುದು. ತರಿಸಿದವರಿಗೆ ಅವು ಬೇಡ, ಕಳಿಸಿದವರಿಗೂ ಬೇಡವಾಗಿತ್ತು. ಈ ಇಡೀ ವ್ಯವಹಾರದಲ್ಲಿ ನನಗೆ ಅತಿ ಅಸಹ್ಯ ಅನ್ನಿಸುವುದು ಇದೇ. ಹೆಚ್ಚುವರಿ ಗಂಡುಮರಿ ಹಾಕಬೇಡಿ ಅಂತ ನಾನು ಬರೆದು ಕೊಡುತ್ತೇನೆ. ಬರೆದರೆ ಸಾಲದು, ಡಬ್ಬಿ ತುಂಬಲೂ ಬೇಕಲ್ಲ. ಅದಕ್ಕೆ ಗೊತ್ತಿರುವ ಇನ್ನಿಬ್ಬರು ಮೂವರು ಸಾಕುವವರನ್ನು ಸೇರಿಸಿಕೊಂಡು ಒಂದೇ ಆರ್ಡರ್ ಹಾಕುತ್ತೇನೆ. ಎಲ್ಲ ಮರಿಗೂ ಮೊದಲೇ ಒಂದು ಮನೆ ಗೊತ್ತಾಗಿರುತ್ತದೆ.

"ಎಷ್ಟೋ ಸಾವಿರ ಡಬ್ಬಿ ಸುಖವಾಗಿ ತಲುಪುತ್ತವಲ್ಲ" ಅನ್ನುವವರಿದ್ದಾರೆ. ನಿಜ, ಹೆಚ್ಚಿನವು ತಲುಪುತ್ತವೆ. ಆದರೆ 2025ರ ಮೇ ತಿಂಗಳಿನಲ್ಲಿ ಅಮೆರಿಕದ ಡೆಲವೇರ್‌ನಲ್ಲಿ ಏನಾಯಿತು ನೋಡಿ. ಅಂಚೆ ಟ್ರಕ್ಕೊಂದರಲ್ಲಿ ಸುಮಾರು 12,000 ಮರಿಗಳು ಮೂರು ದಿನ ಹಾಗೇ ಉಳಿದುಬಿಟ್ಟವು. ಸಾವಿರಾರು ಸತ್ತವು. ಬದುಕಿದವನ್ನು ಒಂದು ಪ್ರಾಣಿ ಆಶ್ರಯ ಕೇಂದ್ರ ತೆಗೆದುಕೊಂಡು, ಅಷ್ಟು ಮರಿಗೆ ಮನೆ ಹುಡುಕಲು ಒದ್ದಾಡಿತು. 2020ರ ಬೇಸಿಗೆಯಲ್ಲಿ ಅಂಚೆ ತಡವಾಗತೊಡಗಿದಾಗ ಮೇನ್ ರಾಜ್ಯದ ರೈತರಿಗೂ ಸತ್ತ ಮರಿಗಳ ಡಬ್ಬಿಗಳು ಬಂದಿದ್ದವು. ಕಾಗದ ಪತ್ರ ಒಂದು ದಿನ ತಡವಾದರೆ ಯಾರಿಗೂ ಏನೂ ಆಗುವುದಿಲ್ಲ. ಮರಿಯ ಡಬ್ಬಿಗೆ ಆ ಸಡಿಲವೇ ಇಲ್ಲ.

"ಜೀವಂತ ತಲುಪಿಸುವ ಗ್ಯಾರಂಟಿ" ಅಂತ ಒಂದಿದೆಯಲ್ಲ, ಅದನ್ನು ಕರುಣೆ ಅಂದುಕೊಳ್ಳಬೇಡಿ. ಸತ್ತರೆ ದುಡ್ಡು ವಾಪಸ್, ಇಲ್ಲಾ ಬದಲಿ ಮರಿ. ನಷ್ಟ ತುಂಬಿಸುವುದು ನಮಗೆ. ಬದಲಿ ಅಂದರೆ ಅದೇ ದಾರಿಯಲ್ಲಿ ಇನ್ನೊಂದು ಡಬ್ಬಿ. ನಾನು ದುಡ್ಡನ್ನೇ ಕೇಳುತ್ತೇನೆ.

ಡಬ್ಬಿ ಬರುವ ದಿನ ಬೇರೆ ಕೆಲಸ ಇಟ್ಟುಕೊಳ್ಳುವುದಿಲ್ಲ. ಫೋನ್ ನಂಬರ್ ಡಬ್ಬಿಯ ಮೇಲೆ ದಪ್ಪಗೆ ಬರೆಸಿರುತ್ತೇನೆ. ಮನೆಗೆ ತಂದುಕೊಡಲಿ ಅಂತ ಕಾಯದೆ ಅಂಚೆ ಕಚೇರಿಗೇ ಹೋಗಿ ತೆಗೆದುಕೊಂಡು, ಅಲ್ಲೇ ತೆರೆದು ನೋಡುತ್ತೇನೆ. ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗೆ ಇಡುವ ಗೂಡು, ಹಿಂದಿನ ದಿನದಿಂದಲೇ ಬೆಚ್ಚಗಿರಬೇಕು. ಮರಿ ಬಂದ ಮೇಲೆ ಬಲ್ಬು ಹುಡುಕುವುದಲ್ಲ. ಒಂದೊಂದೇ ಮರಿಯನ್ನು ಎತ್ತಿ, ಕೊಕ್ಕಿನ ತುದಿಯನ್ನು ಉಗುರುಬೆಚ್ಚಗಿನ ನೀರಿಗೆ ಅದ್ದಿ ಬಿಟ್ಟರೆ ಕುಡಿಯಲು ಕಲಿಯುತ್ತವೆ. ಮೊದಲು ನೀರು, ಕಾಳು ಸ್ವಲ್ಪ ಹೊತ್ತಿನ ಮೇಲೆ. ತೀರಾ ಸುಸ್ತಾದ ಮರಿಗಳಿಗೆ ಮೊದಲ ಕೆಲವು ಗಂಟೆ ನೀರಿಗೆ ಚೂರು ಸಕ್ಕರೆ ಹಾಕುತ್ತೇನೆ. ಪ್ರಯಾಣದಲ್ಲಿ ಬಳಲಿದ ಮರಿಗಳ ಹಿಂಬದಿಗೆ ಹಿಕ್ಕೆ ಅಂಟಿ ಗಟ್ಟಿಯಾಗುತ್ತದೆ. ಹಾಗೇ ಬಿಟ್ಟರೆ ಸಾಯುತ್ತವೆ, ಕಿತ್ತರೆ ಚರ್ಮ ಕೀಳುತ್ತದೆ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ನೆನೆಸಿ ನೆನೆಸಿ ಬಿಡಿಸಬೇಕು. ಹೊಕ್ಕುಳಿನ ಒಣಗಿದ ದಾರವನ್ನು ಮಾತ್ರ ಮುಟ್ಟಬಾರದು, ಅದು ತಾನಾಗಿ ಬೀಳುತ್ತದೆ. ಬದುಕುವುದಿಲ್ಲ ಅಂತ ಖಚಿತವಾದ ಮರಿ ಒದ್ದಾಡದಂತೆ ಯಾರು ಮುಗಿಸಬೇಕು ಅನ್ನುವುದನ್ನೂ ಮೊದಲೇ ತೀರ್ಮಾನ ಮಾಡಿರಬೇಕು. ನೀವೋ, ಪಶುವೈದ್ಯರೋ.

ಹೊಸಬರನ್ನು ಹಳೆಯ ಕೋಳಿಗಳ ಜೊತೆ ತಕ್ಷಣ ಬಿಡುವುದಿಲ್ಲ. ಚುರುಕಾಗಿ ಓಡಾಡುವ ಮರಿಯಲ್ಲೂ ಸಾಲ್ಮೊನೆಲ್ಲಾ, ಅಂದರೆ ಮನುಷ್ಯರಿಗೆ ವಾಂತಿ ಭೇದಿ ತರುವ ರೋಗಾಣು, ಇರಬಹುದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯುವುದು, ಐದು ವರ್ಷದೊಳಗಿನ ಮಕ್ಕಳ ಕೈಗೆ ಮರಿ ಕೊಡದಿರುವುದು, ಇವೆರಡರಲ್ಲಿ ರಾಜಿ ಇಲ್ಲ. ಮುದ್ದಾಗಿದೆ ಅಂತ ಮುತ್ತಿಡುವುದಂತೂ ಬೇಡಪ್ಪ.

ಹಾಗಾದರೆ ಕಾರಿನಲ್ಲಿ ಹ್ಯಾಚರಿಗೇ ಹೋಗಿ ತಂದರೆ ಪಾಪ ಪರಿಹಾರವೇ? ದಾರಿಯ ಕಷ್ಟ ತಪ್ಪುತ್ತದೆ, ಅಷ್ಟು ನಿಜ. ಮೊಟ್ಟೆಗೆಂದೇ ಸಾಕುವ ತಳಿಗಳಲ್ಲಿ ಗಂಡುಮರಿಗೆ ಕಾಸಿನ ಬೆಲೆಯಿಲ್ಲ. ಜಗತ್ತಿನಲ್ಲಿ ವರ್ಷಕ್ಕೆ ನೂರಾರು ಕೋಟಿ ಗಂಡುಮರಿಗಳನ್ನು ಹುಟ್ಟಿದ ದಿನವೇ ಕೊಲ್ಲುತ್ತಾರೆ. ಜರ್ಮನಿ 2022ರ ಶುರುವಿನಿಂದ ಇದನ್ನು ನಿಷೇಧಿಸಿತು, ಅಲ್ಲೀಗ ಮೊಟ್ಟೆಯೊಳಗೇ ಹೆಣ್ಣೋ ಗಂಡೋ ಪತ್ತೆ ಮಾಡುವ ವಿಧಾನ ಬಳಕೆಯಲ್ಲಿದೆ. ಉಳಿದ ಹೆಚ್ಚಿನ ಕಡೆ "ಬರೀ ಹೇಂಟೆ ಕೊಡಿ" ಅಂದವರ ಪಾಲಿನ ಗಂಡುಮರಿ ಎಲ್ಲೋ ಹೋಗಿರುತ್ತದೆ. ಅಂಚೆಯಲ್ಲಿ ತರಿಸಿದರೂ ಅಷ್ಟೇ, ಕಾರಿನಲ್ಲಿ ತಂದರೂ ಅಷ್ಟೇ. ನನ್ನ ಎರಡನೇ ಪ್ರಶ್ನೆ ಅದಕ್ಕೇ: ನಿಮ್ಮಲ್ಲಿ ಗಂಡುಮರಿಗಳನ್ನು ಏನು ಮಾಡುತ್ತೀರಿ? ಈ ಪ್ರಶ್ನೆಗೆ ಫೋನಿನ ಆ ಕಡೆ ಎಷ್ಟು ಹೊತ್ತು ಮೌನ ಅನ್ನುವುದರಲ್ಲೇ ಬಹಳ ತಿಳಿಯುತ್ತದೆ.

ನಾನು ಈಗ ಆದಷ್ಟೂ ಕಾವಿನ ಕೋಳಿಗೇ ಮೊಟ್ಟೆ ಇಡುತ್ತೇನೆ. 21 ದಿನ. ಮೊಟ್ಟೆಯನ್ನೂ ಅಂಚೆಯಲ್ಲಿ ತರಿಸಬಹುದು. ಕುಲುಕಾಟಕ್ಕೆ ಒಳಗಿನ ಗಾಳಿಚೀಲ ಸಡಿಲವಾಗಿ ಎಷ್ಟೋ ಮೊಟ್ಟೆ ಹಾಳಾಗುತ್ತವೆ. ಬಂದ ಮೇಲೆ ದಪ್ಪ ತುದಿ ಮೇಲೆ ಮಾಡಿ ಒಂದು ದಿನ ಅಲುಗಾಡಿಸದೆ ಇಟ್ಟರೂ ಫಲ ಅರ್ಧಕ್ಕಿಂತ ಕಡಿಮೆ ಬರಬಹುದು. ಆದರೆ ಆ ಡಬ್ಬಿಯೊಳಗೆ ಬಾಯಾರಿದವರು ಯಾರೂ ಇರುವುದಿಲ್ಲ. ಹುಟ್ಟಿದವುಗಳಲ್ಲಿ ಸರಿಸುಮಾರು ಅರ್ಧ ಹುಂಜಗಳೇ. ಅವನ್ನು ಬೆಳೆಸಿ ಮಾಂಸಕ್ಕೆ ಬಳಸುತ್ತೇವೆ, ಕೊಯ್ಯುವ ಕೆಲಸ ನಮ್ಮದೇ. ಇದು ಕೈಗೆ ಕೊಳೆಯಾಗದ ದಾರಿ ಅಂತ ನಾನು ಹೇಳುವುದಿಲ್ಲ. ಯಾವ ಗಂಡುಮರಿ ಎಲ್ಲಿ ಹೋಯಿತು ಅಂತ ಗೊತ್ತಿರುತ್ತದೆ, ಅಷ್ಟು ಮಾತ್ರ.

ಹತ್ತಿರದಲ್ಲಿ ಎಲ್ಲೂ ಸಿಗದ ಅಪರೂಪದ ತಳಿ ಬೇಕಾದಾಗ, ಮೊಟ್ಟೆ ಕಳಿಸಲು ಅವರು ಒಪ್ಪದಿದ್ದಾಗ, ಈಗಲೂ ಮರಿಯ ಡಬ್ಬಿ ತರಿಸುತ್ತೇನೆ. ಅಂಥ ತಳಿಗಳು ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಉಳಿದುಕೊಂಡಿರುವುದರಲ್ಲಿ ಅಂಚೆಯ ಪಾಲೂ ಇದೆ. ಒಮ್ಮೆ ಹುಂಜ ಹೇಂಟೆ ಎರಡೂ ಬಂದು ನೆಲೆ ನಿಂತರೆ, ಅದೇ ತಳಿಗೆ ಮತ್ತೆ ಡಬ್ಬಿ ತರಿಸುವುದಿಲ್ಲ.