ರೈಟ್ ಫೀಲ್ಡ್‌ನಿಂದ ಫಸ್ಟ್ ಬೇಸ್‌ಗೆ: ಮೊದಲು ಕಾಲು, ಆಮೇಲೆ ಚೆಂಡು

ಬೇಸ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬ್ಯಾಟ್ ಬೀಸುವ ಹುಡುಗನಿಗೆ ಮೊಣಕೈ ಆಪರೇಷನ್ ಆಗಿದೆ. ಬ್ಯಾಟ್ ಹಿಡಿಯಲು ಅಡ್ಡಿಯಿಲ್ಲ, ಆದರೆ ಮೈದಾನದ ಬಲಗಡೆಯ ದೂರದ ಭಾಗವಾದ ರೈಟ್ ಫೀಲ್ಡ್‌ನಿಂದ ಥರ್ಡ್ ಬೇಸ್‌ವರೆಗೆ ಚೆಂಡೆಸೆಯುವ ಹಾಗಿಲ್ಲ. ಇಂಥ ಹೊತ್ತಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಫಸ್ಟ್ ಬೇಸ್‌ನಲ್ಲಿ ನಿಲ್ಲಿಸಿ, ಅಲ್ಲಿ ಎಸೆಯೋ ಕೆಲಸ ಕಡಿಮೆ.’ ಎಸೆಯುವ ಕೆಲಸ ಕಡಿಮೆ ಅನ್ನುವುದು ನಿಜ. ಅದಕ್ಕೇ ಆ ಜಾಗ ಸುಲಭ ಅನ್ನುವುದು ನಿಜವಲ್ಲ. ಬ್ಯಾಟರ್ ಓಡಿ ಮೊದಲು ಮುಟ್ಟಬೇಕಾದ ಜಾಗವೇ ಫಸ್ಟ್ ಬೇಸ್, ಅವನಿಗಿಂತ ಮೊದಲು ಚೆಂಡು ಅಲ್ಲಿ ನಿಂತವನ ಕೈ ಸೇರಿದರೆ ಔಟ್. ಇನ್‌ಫೀಲ್ಡ್‌ನಲ್ಲಿ, ಅಂದರೆ ಬೇಸ್‌ಗಳ ಸುತ್ತಲಿನ ಒಳಮೈದಾನದಲ್ಲಿ, ಆಗುವ ಔಟ್‌ಗಳಲ್ಲಿ ಬಹುಪಾಲು ಅವನ ಮಿಟ್‌ನಲ್ಲೇ (ಕೈಗವಸಿನಲ್ಲೇ) ಮುಗಿಯಬೇಕು. ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ 16-17 ವಯಸ್ಸಿನ ಹುಡುಗರ ತಂಡದಲ್ಲಿ ನಾನು ಈ ಬದಲಾವಣೆಯನ್ನು ಆರು ವಾರಗಳಲ್ಲಿ ಮಾಡಿಸಿದ ಕ್ರಮ ಇಲ್ಲಿದೆ. ಆಟಗಾರ ಬಲಗೈಯಲ್ಲಿ ಎಸೆಯುವವನು. ಎಡಗೈಯವನಾದರೆ ಕಾಲಿನ ಮಾತನ್ನೆಲ್ಲ ತಿರುಗಿಸಿ ಓದಿಕೊಳ್ಳಿ.

ಅಮೆರಿಕದ ದೊಡ್ಡ ಲೀಗ್‌ನಲ್ಲಿ ಇದಕ್ಕೆ ಕಣ್ಣಮುಂದಿನ ಉದಾಹರಣೆ ಫಿಲಡೆಲ್ಫಿಯಾ ತಂಡದ ರೈಟ್ ಫೀಲ್ಡರ್ ಆಗಿದ್ದ ಬ್ರೈಸ್ ಹಾರ್ಪರ್. 2022ರ ನವೆಂಬರ್‌ನಲ್ಲಿ ಅವರಿಗೆ ಮೊಣಕೈಯ ಅಸ್ಥಿರಜ್ಜು ಸರಿಪಡಿಸುವ ಟಾಮಿ ಜಾನ್ ಶಸ್ತ್ರಚಿಕಿತ್ಸೆ ಆಯಿತು. 2023ರ ವಸಂತದ ತಯಾರಿಯಲ್ಲಿ ಫಿಲಡೆಲ್ಫಿಯಾದ ಫಸ್ಟ್ ಬೇಸ್‌ಮನ್ ರೀಸ್ ಹಾಸ್ಕಿನ್ಸ್ ಮಂಡಿ ಗಾಯದಿಂದ ಹೊರಬಿದ್ದರು. ಹಾರ್ಪರ್ ಮೇ ತಿಂಗಳಲ್ಲಿ ಬರೀ ಬ್ಯಾಟರ್ ಆಗಿ ಮರಳಿದರು, ಫಸ್ಟ್ ಬೇಸ್‌ನಲ್ಲಿ ಪಂದ್ಯಕ್ಕೆ ನಿಂತದ್ದು ಜುಲೈ 21ರಂದು. ಅಂಥ ಆಟಗಾರನಿಗೂ ಬ್ಯಾಟಿಂಗ್‌ಗೆ ಮರಳಿದ ದಿನವೇ ಹೊಸ ಜಾಗ ಕೊಡಲಿಲ್ಲ ಎಂಬುದನ್ನು ಅವಸರಪಡುವ ಅಪ್ಪ-ಅಮ್ಮಂದಿರು ಗಮನಿಸಬೇಕು.

ಮೊದಲ ವಾರ ನಾನು ಚೆಂಡನ್ನೇ ಕೊಡುವುದಿಲ್ಲ. ಬೇಸ್‌ನಿಂದ ಹತ್ತು-ಹದಿನೈದು ಅಡಿ ಹಿಂದೆ, ಬ್ಯಾಟರ್ ನಿಲ್ಲುವ ಹೋಮ್‌ನಿಂದ ಫಸ್ಟ್ ಬೇಸ್‌ಗೆ ಹೋಗುವ ಗೆರೆಯಿಂದ ಹೆಚ್ಚುಕಡಿಮೆ ಅಷ್ಟೇ ಒಳಗೆ ನಿಲ್ಲಿಸಿ, ‘ಹೊಡೆದ!’ ಅಂದ ತಕ್ಷಣ ಬೇಸ್‌ಗೆ ಓಡಿಸುತ್ತೇನೆ. ಓಟದ ಆರಂಭದಲ್ಲಿ ಒಂದು ಸಲ ಬೇಸ್ ನೋಡಬಹುದು. ಬೇಸ್ ತಲುಪುವ ಹೊತ್ತಿಗೆ ಕಣ್ಣು ಎಸೆಯುವವನ ಮೇಲಿರಬೇಕು. ಎರಡೂ ಹಿಮ್ಮಡಿ ಬೇಸ್‌ನ ಒಳಅಂಚಿಗೆ ತಾಗಿಸಿ, ಎದೆಯನ್ನು ಎಸೆಯುವವನ ಕಡೆ ತಿರುಗಿಸಿ, ಮಂಡಿ ಬಗ್ಗಿಸಿ ನಿಲ್ಲಬೇಕು. ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಕಡೆಯಿಂದ, ಥರ್ಡ್ ಕಡೆಯಿಂದ, ಸೆಕೆಂಡ್ ಕಡೆಯಿಂದ, ಹೋಮ್ ಹಿಂದಿನ ಕ್ಯಾಚರ್ ಕಡೆಯಿಂದ ಎಸೆತ ಬಂದ ಹಾಗೆ, ದಿಕ್ಕಿಗೆ ಹತ್ತರಂತೆ ದಿನಕ್ಕೆ ನಲವತ್ತು ಓಟ. ಕಾಲಿಗೆ ಬೇಸ್ ಎಲ್ಲಿದೆ ಎಂದು ಕಣ್ಣಿನ ಸಹಾಯವಿಲ್ಲದೆ ಗೊತ್ತಾಗುವವರೆಗೆ ಮುಂದಿನ ಪಾಠ ಇಲ್ಲ. ಔಟ್‌ಫೀಲ್ಡ್‌ನಿಂದ ಬಂದವರು ಕೆಳಗೆ ಬೇಸ್ ಹುಡುಕುತ್ತಲೇ ಚೆಂಡು ಬಿಡುತ್ತಾರೆ, ಕೈ ಕೆಟ್ಟದ್ದೆಂದು ನಾವು ತಪ್ಪು ತಿಳಿಯುತ್ತೇವೆ.

ಆಮೇಲೆ ಚಾಚುವುದು. ಬಲಗಾಲಿನ ಮುಂಭಾಗ ಬೇಸ್‌ನ ಅಂಚಿಗೆ ತಾಗಿರಬೇಕು, ಬೇಸ್‌ನ ನಡುವೆ ಹತ್ತಿ ನಿಂತರೆ ಓಡಿಬರುವವನ ಸ್ಪೈಕ್ ಹಿಮ್ಮಡಿಯ ಮೇಲೆ ಬೀಳುತ್ತದೆ. ಎಡಗಾಲು ಎಸೆತದ ಕಡೆ ಚಾಚಬೇಕು, ಆದರೆ ಎಸೆತ ಎಲ್ಲಿಗೆ ಬರುತ್ತಿದೆ ಎಂದು ಗೊತ್ತಾದ ಮೇಲೆ ಮಾತ್ರ. ಹೊಸಬರು ಮಾಡುವ ತಪ್ಪುಗಳಲ್ಲಿ ಇದು ಎಲ್ಲಕ್ಕಿಂತ ದುಬಾರಿ: ಚಿತ್ರದಲ್ಲಿ ಕಂಡ ಹಾಗೆ ಮೊದಲೇ ಕಾಲು ಚಾಚಿ ಕಾಯುತ್ತಾರೆ, ಎಸೆತ ಎರಡು ಅಡಿ ಪಕ್ಕಕ್ಕೆ ಹೋದರೆ ನೆಲಕ್ಕೆ ಕೀಲಿಸಿದ ಹಾಗೆ ಅಲ್ಲೇ ಉಳಿಯುತ್ತಾರೆ. ಬೇಸ್ ಬಿಡದೆ ಹಿಡಿಯಲಾಗದಂಥ ಎಸೆತ ಬಂದರೆ ಬೇಸ್ ಬಿಡಲಿ. ಒಬ್ಬ ಓಟಗಾರ ಉಳಿದರೆ ಉಳಿಯಲಿ, ಚೆಂಡು ಬೇಲಿಗೆ ಹೋಗಿ ಅವನು ಸೆಕೆಂಡ್ ಬೇಸ್ ಸೇರುವುದು ಬೇಡ.

ಈಗ ನೆಲಕ್ಕೆ ತಾಗಿ ಏಳುವ ಎಸೆತ. ಇಲ್ಲಿ ನಮ್ಮ ಕಡೆಯ ಮಕ್ಕಳ ಬಗ್ಗೆ ಒಂದು ಮಾತು. ವಾರಾಂತ್ಯದಲ್ಲಿ ಕ್ರಿಕೆಟ್ ಆಡುವ ಕನ್ನಡದ ಹುಡುಗರು ಇಲ್ಲಿ ಬೇಸ್‌ಬಾಲ್‌ಗೂ ಬರುತ್ತಾರೆ. ಸ್ಲಿಪ್‌ನಲ್ಲಿ ಕ್ಯಾಚ್ ಹಿಡಿಯುವಾಗ ಚೆಂಡಿನ ಜೊತೆ ಕೈಯನ್ನು ಹಿಂದಕ್ಕೆ ತರುವುದು ಅವರಿಗೆ ರಕ್ತಗತ. ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದ ದ್ರಾವಿಡ್ ಅವರ ಕೈಗಳನ್ನು ನೋಡಿ ಬೆಳೆದ ಅಪ್ಪಂದಿರು ಕಲಿಸಿದ್ದೂ ಅದನ್ನೇ. ಬರಿಗೈಗೆ ಅದು ಸರಿ. ಆದರೆ ಪುಟಿದ ಕೂಡಲೇ ಹಿಡಿಯಬೇಕಾದ ಶಾರ್ಟ್ ಹಾಪ್‌ಗೆ ಮಿಟ್ ಹಿಂದೆ ಬಂದರೆ ಚೆಂಡಿಗೆ ಇನ್ನಷ್ಟು ಏಳಲು ಜಾಗ ಸಿಗುತ್ತದೆ, ಮಣಿಕಟ್ಟಿಗೆ ಬಡಿಯುತ್ತದೆ. ಇಲ್ಲಿ ಮಿಟ್ ಮಣ್ಣಿನ ಮೇಲಿಂದ ಶುರುವಾಗಿ ಚೆಂಡಿನ ಕಡೆಗೇ ಮುಂದೆ ಹೋಗಬೇಕು, ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ಕೆಳಕ್ಕೆ ತಂದರೆ ಚೆಂಡು ಅಡಿಯಲ್ಲಿ ನುಸುಳುತ್ತದೆ.

ಅಭ್ಯಾಸ ಹೀಗೆ: ಹುಡುಗ ಎರಡೂ ಮಂಡಿಯೂರಿ ಕೂರುತ್ತಾನೆ, ನಾನು ಹದಿನೈದು ಅಡಿ ದೂರದಿಂದ ಅವನ ಮಿಟ್‌ನ ಒಂದು ಅಡಿ ಮುಂದೆ ಪುಟಿಯುವಂತೆ ಎಸೆಯುತ್ತೇನೆ. ನೇರಕ್ಕೆ ಹದಿನೈದು, ಎಡಕ್ಕೆ ಹದಿನೈದು, ಬಲಕ್ಕೆ ಬ್ಯಾಕ್‌ಹ್ಯಾಂಡ್‌ನಲ್ಲಿ ಹದಿನೈದು. ಮೊದಲ ಎರಡು ದಿನ ಟೆನಿಸ್ ಬಾಲ್. ಮುಖದ ಭಯ ಹೋಗದೆ ಯಾರೂ ಚೆಂಡನ್ನು ಕೊನೆಯವರೆಗೆ ನೋಡುವುದಿಲ್ಲ. ಎರಡನೇ ವಾರದ ಕೊನೆಗೆ ನಿಂತು, ಮೂರನೇ ವಾರದಲ್ಲಿ ಬೇಸ್‌ಗೆ ಓಡಿಬಂದು ಇದೇ ಹಿಡಿತ. ಕಷ್ಟದ್ದು ನಡುವಿನ ಪುಟಿತ, ಅಂದರೆ ಮೂರು-ನಾಲ್ಕು ಅಡಿ ಮುಂದೆ ಬಿದ್ದದ್ದು. ಅದಕ್ಕೆ ಕಾಯಬಾರದು. ಇನ್ನಷ್ಟು ಚಾಚಿ ಶಾರ್ಟ್ ಹಾಪ್ ಮಾಡಿಕೊಳ್ಳಬೇಕು, ಇಲ್ಲವೇ ಬೇಸ್‌ನ ಹಿಂದಿನ ಅಂಚಿಗೆ ಸರಿದು ಚೆಂಡು ಪೂರ್ತಿ ಏಳಲು ಬಿಡಬೇಕು.

ಮಿಟ್ ವಿಷಯ ಚಿಕ್ಕದು, ಆದರೆ ಮೊದಲ ದಿನವೇ ನೋಡಿಕೊಳ್ಳಬೇಕು. ಫಸ್ಟ್ ಬೇಸ್ ಮಿಟ್‌ಗೆ ಬೆರಳುಗಳು ಬೇರೆಬೇರೆ ಇರುವುದಿಲ್ಲ. 12.5 ಇಂಚಿನದು ಸಾಕು, ದೊಡ್ಡ ಲೀಗ್‌ನ ನಿಯಮದ ಮಿತಿ 13. ಹೊಸದು ಬಿರುಸಾಗಿರುತ್ತದೆ, ಚೆಂಡು ಹಲಗೆಗೆ ತಾಗಿದ ಹಾಗೆ ಹೊರಚಿಮ್ಮುತ್ತದೆ. ಆದ್ದರಿಂದ ಕಲಿಯುವ ಆರು ವಾರ ಯಾರದ್ದಾದರೂ ಪಳಗಿದ ಹಳೆ ಮಿಟ್ ಕೊಡಿಸಿ, ಹೊಸದನ್ನು ದಿನಾ ಬರೀ ಕ್ಯಾಚ್ ಆಡಲು ಬಳಸಿ ಪಳಗಿಸಲಿ.

ಇನ್ನು ಔಟ್‌ಫೀಲ್ಡರ್‌ನ ಒಳ್ಳೆಯ ಗುಣವೇ ಮುಳ್ಳಾಗುವ ಜಾಗ. ಔಟ್‌ಫೀಲ್ಡ್‌ನಲ್ಲಿ ಕಂಡ ಚೆಂಡಿನ ಹಿಂದೆಲ್ಲ ಓಡುವುದೇ ಧರ್ಮ. ಫಸ್ಟ್ ಬೇಸ್‌ನಲ್ಲಿ ಅವನು ಬಲಕ್ಕೆ ಓಡಿ ಸೆಕೆಂಡ್ ಬೇಸ್‌ಮನ್‌ನ ಚೆಂಡಿಗೆ ಕೈ ಚಾಚಿದರೆ ಬೇಸ್ ಖಾಲಿ. ಸೆಕೆಂಡ್ ಬೇಸ್‌ಮನ್ ಚೆಂಡು ಹಿಡಿದು ನೋಡಿದರೆ ಎಸೆಯಲು ಅಲ್ಲಿ ಯಾರೂ ಇರುವುದಿಲ್ಲ. ನಾನು ಮಣ್ಣಿನಲ್ಲಿ ಒಂದು ಗೆರೆ ಎಳೆದುಬಿಡುತ್ತೇನೆ: ಬಲಕ್ಕೆ ಎರಡು ಹೆಜ್ಜೆ ಮತ್ತು ಒಂದು ಚಾಚು, ಅದರಾಚೆಯದೆಲ್ಲ ಬಿಟ್ಟು ಬೇಸ್‌ಗೆ ಓಡು. ಎಡಕ್ಕೆ, ಗೆರೆಯ ಪಕ್ಕ ಬಂದದ್ದೆಲ್ಲ ಅವನದೇ. ಕಾಲಾವಕಾಶವೂ ಬೇರೆ. ಗಂಟೆಗೆ 90 ಮೈಲಿ ವೇಗದಲ್ಲಿ ಬ್ಯಾಟ್ ಬಿಟ್ಟ ಚೆಂಡು ನೂರು ಅಡಿ ದೂರ ನಿಂತವನನ್ನು ಮುಕ್ಕಾಲು ಸೆಕೆಂಡಿನಲ್ಲಿ ಮುಟ್ಟುತ್ತದೆ. ಹಿಂದೆ ತಿರುಗಿ ಓಡುವ ಅವನ ಮೊದಲ ಹೆಜ್ಜೆಗೆ ಇಲ್ಲಿ ಎಡೆಯಿಲ್ಲ. ಬ್ಯಾಟರ್‌ಗೆ ಚೆಂಡೆಸೆಯುವ ಪಿಚರ್‌ನ ಕೈಯಿಂದ ಚೆಂಡು ಬಿಡುವ ಹೊತ್ತಿಗೆ ಮಿಟ್ ಮಂಡಿಗಿಂತ ಕೆಳಗಿರಬೇಕು.

ಗೆರೆಯಾಚೆ ಎತ್ತರಕ್ಕೆ ಹೋದ ಫೌಲ್ ಚೆಂಡಿಗೆ ಮಾತ್ರ ಪಾಠವೇ ಬೇಡ, ಅಲ್ಲಿ ಅವನೇ ಗುರು. ಹಾರ್ಪರ್ ಮೊದಲ ಪಂದ್ಯದಲ್ಲೇ ಫೌಲ್ ಚೆಂಡಿನ ಹಿಂದೆ ಓಡಿ ಬೇಲಿ ದಾಟಿ ಉರುಳುತ್ತಾ ಹಿಡಿದದ್ದು ಈ ವಿದ್ಯೆಯಿಂದಲೇ.

ನಾಲ್ಕನೇ ವಾರ ಪಿಚರ್‌ಗೆ ಚೆಂಡು ಕೊಡುವುದು. ತಾನೇ ಚೆಂಡು ಹಿಡಿದು ಬೇಸ್‌ನಿಂದ ದೂರವಿದ್ದರೆ ಪಿಚರ್ ಬಂದು ಬೇಸ್ ಮುಟ್ಟುತ್ತಾನೆ. ಚೆಂಡನ್ನು ಮಿಟ್‌ನಿಂದ ಹೊರತೆಗೆದು ತೋರಿಸಿ, ಮಣಿಕಟ್ಟು ಬಿಗಿಯಾಗಿಟ್ಟು, ಅವನ ಕಡೆ ಹೆಜ್ಜೆ ಹಾಕುತ್ತಾ ಎದೆಯ ಎತ್ತರಕ್ಕೆ ಕೆಳಗೈಯಲ್ಲಿ ಕೊಡಬೇಕು. ಪಿಚರ್ ಬೇಸ್ ತಲುಪುವ ಎರಡು ಹೆಜ್ಜೆ ಮೊದಲೇ ಚೆಂಡು ಸಿಗಬೇಕು, ಇಲ್ಲದಿದ್ದರೆ ಚೆಂಡನ್ನೂ ಬೇಸನ್ನೂ ಒಟ್ಟಿಗೆ ಹುಡುಕುತ್ತಾ ಓಟಗಾರನಿಗೆ ಡಿಕ್ಕಿ ಹೊಡೆಯುತ್ತಾನೆ. ಮಣಿಕಟ್ಟು ತಿರುಚಿದರೆ ಚೆಂಡು ಅವನ ತಲೆಯ ಮೇಲೆ ಹೋಗುತ್ತದೆ. ದಿನಕ್ಕೆ ಇಪ್ಪತ್ತು ಸಲ, ಪಿಚರ್‌ಗಳನ್ನೂ ಕರೆದುಕೊಂಡು.

ಎಸೆತ ಪೂರ್ತಿ ತಪ್ಪುವುದಿಲ್ಲ ಎಂಬುದನ್ನು ಆಪರೇಷನ್ ಆದವನ ವಿಷಯದಲ್ಲಿ ಮರೆಯಬೇಡಿ. ಒಂದೇ ಹೊಡೆತಕ್ಕೆ ಇಬ್ಬರನ್ನು ಔಟ್ ಮಾಡುವ ಡಬಲ್ ಪ್ಲೇಗೆ ಸೆಕೆಂಡ್‌ಗೆ ಎಸೆಯಬೇಕು. ಸೆಕೆಂಡ್ ಬೇಸ್‌ನಲ್ಲಿ ಓಟಗಾರನಿದ್ದು ಚೆಂಡು ರೈಟ್ ಅಥವಾ ಸೆಂಟರ್‌ಗೆ ಹೋದರೆ ಹೋಮ್ ದಾರಿಯ ಕಟ್‌ಆಫ್ (ಎಸೆತವನ್ನು ನಡುವೆ ಹಿಡಿದು ಮುಂದೆ ಎಸೆಯುವವನು) ಸಾಮಾನ್ಯವಾಗಿ ಫಸ್ಟ್ ಬೇಸ್‌ಮನ್ನೇ. ಡಾಕ್ಟರ್ ಮತ್ತು ಫಿಸಿಯೋ ಕೊಟ್ಟ ಎಸೆತದ ಲೆಕ್ಕದೊಳಗೇ ಇವೂ ಸೇರಬೇಕು. ಔಟ್‌ಫೀಲ್ಡ್‌ನ ಉದ್ದ ತೋಳಿನ ಎಸೆತ ಬಿಟ್ಟು, ಚೆಂಡನ್ನು ಕಿವಿಯ ಹತ್ತಿರದಿಂದ ಬೇಗ ಬಿಡುವುದನ್ನು ಅರವತ್ತು ಅಡಿಯಲ್ಲಿ ಕಲಿಸಿ.

ನನಗೆ ಎಲ್ಲಕ್ಕಿಂತ ಭಯವಿರುವುದು ಎಡ ಮಣಿಕಟ್ಟಿನ ಬಗ್ಗೆ. ಎಸೆತ ಹೋಮ್ ಕಡೆಗೆ ವಾಲಿ ಬಂದಾಗ ಹೊಸಬ ಬೇಸ್ ಬಿಡದೆ ಓಟದ ದಾರಿಗೆ ಅಡ್ಡವಾಗಿ ಕೈ ಚಾಚುತ್ತಾನೆ, ಪೂರ್ತಿ ವೇಗದಲ್ಲಿ ಬರುವವನ ಮೈ ಆ ಕೈಗೆ ಬಡಿಯುತ್ತದೆ. ಬ್ಯಾಟ್ ಉಳಿಸಲೆಂದು ಜಾಗ ಬದಲಿಸಿದವರು ಬ್ಯಾಟ್ ಹಿಡಿಯುವ ಕೈಯನ್ನೇ ಕಳೆದುಕೊಂಡ ಹಾಗೆ. ಐದನೇ ವಾರವಿಡೀ ಇದೊಂದೇ: ಬೇಸ್ ಬಿಡು, ಗೆರೆಯ ಒಳಗೆ ಬಂದು ಚೆಂಡು ಹಿಡಿ, ಓಟಗಾರ ದಾಟುವಾಗ ಬೆನ್ನಿಗೆ ಮಿಟ್ ತಾಗಿಸಿ ಕೈ ಹಿಂದಕ್ಕೆ ಎಳೆದುಕೋ. ಓಟಗಾರನ ಜಾಗದಲ್ಲಿ ಮೊದಲು ನಡೆಯುವವನು, ಆಮೇಲೆ ಓಡುವವನು.

ಆರನೇ ವಾರ ಅಭ್ಯಾಸ ಪಂದ್ಯ, ಮೊದಲ ದಿನ ಮೂರು ಇನ್ನಿಂಗ್ಸ್, ಆಮೇಲೆ ಐದು. ದಿನಕ್ಕೆ ಹೊಸ ಕೆಲಸ ಇಪ್ಪತ್ತೈದು ನಿಮಿಷ ಮೀರಬಾರದು, ಅದೂ ಬ್ಯಾಟಿಂಗ್ ಅಭ್ಯಾಸ ಮುಗಿದ ಮೇಲೆ. ಬಗ್ಗಿ ಬಗ್ಗಿ ತೊಡೆ ಸೋತವನು ಬ್ಯಾಟ್ ಬೀಸುವಾಗ ಕಾಲಿನ ಬಲ ಬಿಟ್ಟು ಕೈಯಿಂದ ಬೀಸುತ್ತಾನೆ. ಪೂರ್ತಿ ಪಂದ್ಯಕ್ಕೆ ಬಿಡುವ ಮುನ್ನ ನಾನು ಇಡುವ ಪರೀಕ್ಷೆ ಒಂದೇ. ನಾಲ್ಕೂ ದಿಕ್ಕಿನಿಂದ, ಬೇಕೆಂದೇ ಕೆಟ್ಟದಾಗಿ, ಹೇಳದೆ ಕೇಳದೆ ನಲವತ್ತು ಎಸೆತ. ಹಿಡಿದದ್ದೆಷ್ಟು ಎಂದು ಎಣಿಸುವುದಿಲ್ಲ. ಎಷ್ಟು ಸಲ ಕೆಳಗೆ ಬೇಸ್ ನೋಡಿದ ಎಂದಷ್ಟೇ ಎಣಿಸುತ್ತೇನೆ. ಎರಡಕ್ಕಿಂತ ಹೆಚ್ಚಾದರೆ ಇನ್ನೊಂದು ವಾರ.